ಆರು ಗಂಟೆಯ ಅಲಾರಾಂ: ಮಾಧ್ಯಮಕ್ಕಾಗಿ ಬರೆಯಲು ನಾನು ಕಲಿತ ಬಗೆ

ಸೃಜನಶೀಲ ಬರವಣಿಗೆಯ ಕೋರ್ಸಿಗೆ ಸೇರುವಾಗ ನನ್ನ ಬಳಿ ಇದ್ದದ್ದು ಒಂದೇ ಒಂದು ಸಣ್ಣಕಥೆ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಒಂಟಿಯಾಗಿ ಉಳಿದ ಮಗನ ಕಥೆ ಅದು. ಅದರ ಮೊದಲ ಪುಟದಲ್ಲೇ ‘ಮನೆಯನ್ನೆಲ್ಲ ಶೂನ್ಯ ಆವರಿಸಿತ್ತು’ ಎಂಬ ವಾಕ್ಯವಿತ್ತು, ಅದನ್ನು ಬರೆದ ದಿನ ನಾನು ಬಹಳ ಹೆಮ್ಮೆಪಟ್ಟಿದ್ದೆ. ಎರಡು ವರ್ಷಗಳ ಓದು ಮುಗಿಯುವ ಹೊತ್ತಿಗೆ ಆ ವಾಕ್ಯ ಎಲ್ಲಿಯೂ ಉಳಿದಿರಲಿಲ್ಲ. ಕಥೆ ಮಾತ್ರ ಮೊದಲು ಬಾನುಲಿ ನಾಟಕವಾಗಿ, ಅನಂತರ ಕಿರುಚಿತ್ರದ ಚಿತ್ರಕಥೆಯಾಗಿ ರೂಪ ಬದಲಿಸಿಕೊಂಡು, ಕಡೆಗೆ ನನಗೆ ಮೊದಲ ಕೆಲಸವನ್ನೂ ಕೊಡಿಸಿತು.

ನಮ್ಮ ತರಗತಿಗಳು ಕಮ್ಮಟದ ರೀತಿಯಲ್ಲಿ ನಡೆಯುತ್ತಿದ್ದವು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಆರಂಭವಾದ ಬರಹಗಾರರ ಕಮ್ಮಟದಿಂದ ಹೆಸರಾದ ಈ ಪದ್ಧತಿಯಲ್ಲಿ ಒಬ್ಬರ ಬರಹವನ್ನು ಉಳಿದವರೆಲ್ಲ ಮುಂಚಿತವಾಗಿ ಓದಿಕೊಂಡು ಬಂದು ಚರ್ಚಿಸುತ್ತಾರೆ. ಚರ್ಚೆ ಮುಗಿಯುವವರೆಗೆ ಬರೆದವರು ಬಾಯಿ ತೆರೆಯುವಂತಿಲ್ಲ. ಈ ಮೌನದ ನಿಯಮ ಕ್ರೂರವೆಂದು ಟೀಕಿಸುವವರಿದ್ದಾರೆ, ಆ ಟೀಕೆಯಲ್ಲಿ ಹುರುಳೂ ಇದೆ. ಆದರೆ ಮಾಧ್ಯಮಕ್ಕೆ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ತಾಲೀಮು ಇನ್ನೊಂದಿಲ್ಲವೆಂದು ನನಗೆ ಅನ್ನಿಸುತ್ತದೆ. ಏಕೆಂದರೆ ನಾಟಕ ಪ್ರಸಾರವಾಗುವಾಗ ಕೇಳುಗರ ಪಕ್ಕದಲ್ಲಿ ಕುಳಿತು ‘ನನ್ನ ಅರ್ಥ ಅದಲ್ಲ, ಇದು’ ಎಂದು ವಿವರಿಸಲು ನಾವು ಇರುವುದಿಲ್ಲ. ನನ್ನ ಸರದಿ ಬಂದ ದಿನ ಸಹಪಾಠಿಯೊಬ್ಬರು ‘ಶೂನ್ಯ ಅಂದರೆ ಆ ಮನೆಯಲ್ಲಿ ಏನು ಕೇಳಿಸುತ್ತದೆ?’ ಎಂದು ಕೇಳಿದರು. ನನಗೆ ಉತ್ತರಿಸುವ ಹಕ್ಕಿರಲಿಲ್ಲ; ಇದ್ದಿದ್ದರೂ ಹೇಳಲು ಉತ್ತರವಿರಲಿಲ್ಲ.

ಉತ್ತರ ಹೊಳೆಯಲು ಮೂರು ವಾರ ಹಿಡಿಯಿತು. ತಾಯಿಯ ಮಾತ್ರೆಗಾಗಿ ದಿನವೂ ಸಂಜೆ ಆರಕ್ಕೆ ಹೊಡೆಯುವಂತೆ ಮಗನ ಫೋನಿನಲ್ಲಿ ಅಲಾರಾಂ ಇಟ್ಟಿರುತ್ತದೆ. ಆಕೆ ಹೋದ ಮೇಲೂ ಅದು ಹೊಡೆಯುತ್ತದೆ. ಮಗ ಪ್ರತಿದಿನ ಅದನ್ನು ನಿಲ್ಲಿಸುತ್ತಾನೆ, ಆದರೆ ಅಳಿಸಿಹಾಕುವುದಿಲ್ಲ. ಇಷ್ಟು ಬರೆದ ಮೇಲೆ ಶೂನ್ಯದ ವಾಕ್ಯ ತಾನಾಗಿಯೇ ಉದುರಿತು.

ಕೋರ್ಸಿನ ಬಾನುಲಿ ನಾಟಕದ ವಿಷಯಕ್ಕಾಗಿ ಇದೇ ಕಥೆಯನ್ನು ಎತ್ತಿಕೊಂಡಾಗ ನಿಜವಾದ ಕಷ್ಟ ಆರಂಭವಾಯಿತು. ಕೇಳುಗರಿಗೆ ಅಲಾರಾಂ ಕೇಳಿಸುತ್ತದೆ, ಆದರೆ ಅದು ಯಾವುದರ ಅಲಾರಾಂ ಎಂದು ಗೊತ್ತಾಗುವುದು ಹೇಗೆ? ಮೊದಲ ಕರಡಿನಲ್ಲಿ ಮಗ ತನಗೆ ತಾನೇ ‘ಅಮ್ಮನ ಮಾತ್ರೆಯ ಹೊತ್ತು’ ಎಂದು ಹೇಳಿಕೊಳ್ಳುತ್ತಿದ್ದ. ಒಂಟಿಯಾಗಿರುವ ಮನುಷ್ಯ ಹಾಗೆ ಮಾತನಾಡುವುದಿಲ್ಲ ಎಂದು ಅಧ್ಯಾಪಕರು ಅದಕ್ಕೆ ಅಡ್ಡಗೆರೆ ಎಳೆದರು. ಕಡೆಗೆ ತಾಯಿ ಬದುಕಿದ್ದಾಗಿನ ಒಂದು ಸಣ್ಣ ದೃಶ್ಯವನ್ನು ಆರಂಭದಲ್ಲೇ ಸೇರಿಸಿ, ಅಲ್ಲಿ ಅಲಾರಾಂ, ನೀರಿನ ಲೋಟದ ಸದ್ದು, ಆಕೆಯ ಗೊಣಗಾಟ ಇಷ್ಟನ್ನೂ ಒಟ್ಟಿಗೆ ಕೇಳಿಸಿದೆ. ಎರಡನೆಯ ಸಲ ಅಲಾರಾಂ ಹೊಡೆದಾಗ ಲೋಟದ ಸದ್ದಿಲ್ಲ, ಗೊಣಗಾಟವಿಲ್ಲ. ಮಾತು ಬೇಕಾಗಲೇ ಇಲ್ಲ. ಬಾನುಲಿಗೆ ಬರೆದುದನ್ನು ಗಟ್ಟಿಯಾಗಿ ಓದಿ, ಗಡಿಯಾರ ನೋಡಿ ಅಳೆಯುವ ಅಭ್ಯಾಸವೂ ಆಗಲೇ ಅಂಟಿಕೊಂಡಿತು. ನನ್ನ ಓದಿನ ವೇಗದಲ್ಲಿ 30 ಸೆಕೆಂಡಿಗೆ ಐವತ್ತರ ಆಸುಪಾಸು ಕನ್ನಡ ಪದಗಳು ಹಿಡಿಸುತ್ತವೆ. ಮುಂದೆ ಜಾಹೀರಾತಿನ ಪಠ್ಯ ಬರೆಯುವಾಗ ಕಾವ್ಯಮೀಮಾಂಸೆಯ ಪಾಠಕ್ಕಿಂತ ಈ ಲೆಕ್ಕವೇ ಹೆಚ್ಚು ನೆರವಾಯಿತು.

ಚಿತ್ರಕಥೆಯ ಶಿಸ್ತು ಬೇರೆ. ಅಲ್ಲಿ ಕ್ಯಾಮೆರಾ ಹಿಡಿಯಬಲ್ಲುದನ್ನು, ಮೈಕು ಕೇಳಬಲ್ಲುದನ್ನು ಮಾತ್ರ ಬರೆಯಬೇಕು. ‘ಅವನಿಗೆ ಅಮ್ಮನ ನೆನಪು ಕಾಡಿತು’ ಎಂದು ಬರೆದರೆ ನಟ ಏನು ಮಾಡಬೇಕೆಂದು ನಿರ್ದೇಶಕರು ಕೇಳುತ್ತಾರೆ. ಪ್ರತಿ ದೃಶ್ಯದ ತಲೆಯಲ್ಲಿ ಒಳಾಂಗಣವೋ ಹೊರಾಂಗಣವೋ, ಯಾವ ಜಾಗ, ಹಗಲೋ ರಾತ್ರಿಯೋ ಎಂದು ನಮೂದಿಸುವುದು ಮೊದಮೊದಲು ಗುಮಾಸ್ತಿಕೆಯಂತೆ ಕಂಡಿತ್ತು. ಚಿತ್ರೀಕರಣದ ವೇಳಾಪಟ್ಟಿಯನ್ನು ಆ ಸಾಲುಗಳಿಂದಲೇ ಕಟ್ಟುತ್ತಾರೆಂದು ತಿಳಿದ ಮೇಲೆ ಬೇಸರ ಹೋಯಿತು. ಒಂದು ಪುಟಕ್ಕೆ ಒಂದು ನಿಮಿಷ ಎಂಬ ಪ್ರಸಿದ್ಧ ಲೆಕ್ಕ ಕೊರಿಯರ್ ಎಂಬ ಅಕ್ಷರಶೈಲಿಯಲ್ಲಿ, 12 ಪಾಯಿಂಟಿನ ಗಾತ್ರದಲ್ಲಿ ಬರೆದ ಇಂಗ್ಲಿಷ್ ಚಿತ್ರಕಥೆಗೆ ಸೇರಿದ್ದು, ಅದೂ ಅಂದಾಜು ಮಾತ್ರ. ಕನ್ನಡದ ಅಕ್ಷರವಿನ್ಯಾಸಕ್ಕೆ ಅದನ್ನು ಕಣ್ಣುಮುಚ್ಚಿ ಅನ್ವಯಿಸಿದ ನಾನು ಹತ್ತು ನಿಮಿಷದ ಚಿತ್ರಕ್ಕೆ ಹದಿನಾಲ್ಕು ನಿಮಿಷದ ಸಾಮಗ್ರಿ ಕೊಟ್ಟು ಪೇಚಿಗೆ ಸಿಲುಕಿದ್ದೆ.

ಕೋರ್ಸಿನಲ್ಲಿ ಸುದ್ದಿ ಬರವಣಿಗೆಯ ವಿಷಯವೂ ಇತ್ತು. ಮುಖ್ಯವಾದುದನ್ನು ಮೊದಲೇ ಹೇಳಿಬಿಡುವ ತಲೆಕೆಳಗಾದ ಪಿರಮಿಡ್ಡಿನ ಕ್ರಮ ಕಥೆಗಾರರಿಗೆ ರುಚಿಸುವುದಿಲ್ಲ, ನನಗೂ ರುಚಿಸಲಿಲ್ಲ.

ಪಠ್ಯಕ್ರಮದಲ್ಲಿ ಇಲ್ಲದೇ ಹೋದದ್ದು ವ್ಯವಹಾರದ ಪಾಠ. ಕೋರ್ಸು ಮುಗಿದ ಹೊಸದರಲ್ಲಿ ಒಂದು ನಿರ್ಮಾಣ ಸಂಸ್ಥೆಯವರೆದುರು ಧಾರಾವಾಹಿಯ ಕಲ್ಪನೆಯೊಂದನ್ನು ಬಾಯಿಮಾತಿನಲ್ಲೇ ವಿವರವಾಗಿ ಹೇಳಿ ಬಂದೆ. ಕೆಲವು ತಿಂಗಳ ನಂತರ ಅದರ ಸ್ವಲ್ಪ ಬದಲಾದ ರೂಪವನ್ನು ಬೇರೆಯವರ ಹೆಸರಿನಲ್ಲಿ ನೋಡಿದೆ. ಕೃತಿಸ್ವಾಮ್ಯ ರಕ್ಷಿಸುವುದು ಬರೆದಿಟ್ಟ ರೂಪವನ್ನೇ ಹೊರತು ಬರಿಯ ಕಲ್ಪನೆಯನ್ನಲ್ಲ ಎಂಬುದು ಅಂದು ನನಗೆ ತಿಳಿದಿರಲಿಲ್ಲ. ಈಗ ಕಥಾಸಾರಾಂಶವನ್ನು ಬರೆದು, ದಿನಾಂಕ ಹಾಕಿ, ಇಮೇಲಿನಲ್ಲಿ ಕಳುಹಿಸಿದ ನಂತರವೇ ಭೇಟಿಗೆ ಹೋಗುತ್ತೇನೆ. ಎಷ್ಟು ಸಲ ತಿದ್ದಿಕೊಡಬೇಕು, ಶೀರ್ಷಿಕೆಪಟ್ಟಿಯಲ್ಲಿ ಹೆಸರು ಹೇಗೆ ಬರಬೇಕು ಎಂಬುದನ್ನು ಒಪ್ಪಂದದಲ್ಲಿ ಬರೆಸುತ್ತೇನೆ. ಅಮೆರಿಕದ ಚಿತ್ರಕಥೆಗಾರರ ಸಂಘ 2023ರಲ್ಲಿ 148 ದಿನ ಮುಷ್ಕರ ಹೂಡಿದಾಗ ಅದರ ಬೇಡಿಕೆಗಳಲ್ಲಿ ಸಂಭಾವನೆಯ ಜೊತೆಗೆ ಕೃತಕ ಬುದ್ಧಿಮತ್ತೆಯ ಬಳಕೆಗೆ ಮಿತಿ ಹಾಕುವುದೂ ಸೇರಿತ್ತು. ಆ ಸುದ್ದಿಯನ್ನು ಓದುವಾಗ ನನ್ನ ಒಪ್ಪಂದಗಳ ಸಣ್ಣ ಅಕ್ಷರಗಳನ್ನು ಇನ್ನೊಮ್ಮೆ ತೆಗೆದು ನೋಡಿದೆ.

ಕೆಲಸಕ್ಕೆ ಅರ್ಜಿ ಹಾಕುವಾಗ ಪದವಿಪತ್ರಕ್ಕಿಂತ ಮಾದರಿ ಬರಹಗಳಿಗೆ ಹೆಚ್ಚು ತೂಕವಿತ್ತು. ಬಾನುಲಿ ನಾಟಕದ ಐದು ಪುಟ, ಕಿರುಚಿತ್ರದ ಒಂದು ದೃಶ್ಯ, ಎರಡು ಜಾಹೀರಾತು ಪಠ್ಯ, ಇಷ್ಟನ್ನೇ ಕಳುಹಿಸಿದ್ದೆ. ಸಂದರ್ಶನದಲ್ಲಿ ಮುಖ್ಯ ಬರಹಗಾರರು ಆ ದೃಶ್ಯವನ್ನು ಮುಂದಿಟ್ಟು, ‘ಇದನ್ನು ಅರ್ಧಕ್ಕೆ ಇಳಿಸಬೇಕು ಎಂದರೆ ಏನು ತೆಗೆಯುತ್ತೀರಿ?’ ಎಂದು ಕೇಳಿ, ಪೆನ್ನನ್ನು ನನ್ನ ಕಡೆಗೆ ಸರಿಸಿದರು. ನಾನು ಮಗನ ಮಾತುಗಳನ್ನೆಲ್ಲ ಹೊಡೆದುಹಾಕಿ ಅಲಾರಾಂ ಒಂದನ್ನು ಉಳಿಸಿ ಹಾಳೆಯನ್ನು ಹಿಂದಿರುಗಿಸಿದೆ.