ಬೂಸ್ಟು ಹಿಡಿದ ಜಾಝ್ ರೆಕಾರ್ಡಿಗೆ ಬಡಗಿಯ ಗೋಂದು: ನನ್ನ ಅನುಭವ

ಮೊದಲೇ ಲೆಕ್ಕ ಹೇಳಿಬಿಡುತ್ತೇನೆ. ತಂದದ್ದು 63 ಎಲ್‌ಪಿ, ಅಂದರೆ ದೊಡ್ಡ ವಿನೈಲ್ ರೆಕಾರ್ಡು. ಅದರಲ್ಲಿ 51 ಈಗ ಚೆಂದ ಕೇಳಿಸುತ್ತವೆ. ಮೂರು ನನ್ನ ಕೈಯಲ್ಲೇ ಹಾಳಾದವು. ಒಂಬತ್ತು ಇನ್ನೂ ಬಾಕಿ ಉಂಟು. ಬೆಂಗಳೂರಿನಲ್ಲಿ ನನಗೆ ಮೂವರು ರೆಕಾರ್ಡು ಗೆಳೆಯರಿದ್ದಾರೆ. ಮೂವರೂ ಫೋಟೋ ನೋಡಿ "ಎಲ್ಲಾ ಗುಜರಿಗೆ ಹಾಕಿ" ಅಂದಿದ್ದರು. ಗೋಂದು ಹಚ್ಚುತ್ತೇನೆ ಅಂದಾಗ ಒಬ್ಬರು ಎರಡು ದಿನ ಫೋನೇ ಎತ್ತಲಿಲ್ಲ. ಈಗ ಕೆಲಸ ಆಗಿದೆ, ಹಾಗಾಗಿ ಬರೆಯುತ್ತಿದ್ದೇನೆ.

ರೆಕಾರ್ಡು ಸಿಕ್ಕಿದ್ದು ಮಂಗಳೂರಿನಲ್ಲೇ, ಒಂದು ಹಳೆ ಹಂಚಿನ ಮನೆಯಲ್ಲಿ. ಆ ಮನೆಯ ಯಜಮಾನರು ಹಡಗಿನಲ್ಲಿದ್ದವರು. ಹೋದ ಬಂದರಿನಲ್ಲೆಲ್ಲ ಎಲ್‌ಪಿ ಕೊಂಡು, ಒಳಕವರಿನ ಮೂಲೆಯಲ್ಲಿ ಬಾಲ್‌ಪೆನ್ನಿನಿಂದ ಊರು ಮತ್ತು ವರ್ಷ ಬರೆದಿಟ್ಟಿದ್ದರು. ಹ್ಯಾಂಬರ್ಗ್ 1984. ಕೋಬೆ 1979. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಗಳು ಅಟ್ಟ ಸೇರಿದವು. ಸುಮಾರು ಇಪ್ಪತ್ತು ಮಳೆಗಾಲ ಅಲ್ಲೇ ಕಳೆದವು. ನಾನು ಮುಚ್ಚಳ ತೆಗೆದಾಗ ಬಂದ ವಾಸನೆ ಈಗಲೂ ಮೂಗಿನಲ್ಲಿದೆ. ಕವರುಗಳು ಒಂದಕ್ಕೊಂದು ಅಂಟಿದ್ದವು. ರೆಕಾರ್ಡಿನ ಮೇಲೆ ಬೂದಿ ಬಣ್ಣದ ಚುಕ್ಕಿ, ಕೆಲವದರಲ್ಲಿ ಜೇಡರ ಬಲೆಯ ಹಾಗೆ ಹರಡಿದ ಬಿಳಿ ಬೂಸ್ಟು.

"ಬಾಯಮ್ಮ, ಎಷ್ಟು ಕೊಡಬೇಕು?" ಅಂತ ಆ ಮನೆಯ ಅಮ್ಮನನ್ನು ಕೇಳಿದೆ.

"ನೀವೇ ಹೇಳಿ ಮಾರಾಯ್ರೆ. ಬಿಸಾಡಲಿಕ್ಕೆ ನನಗೆ ಮನಸ್ಸಿಲ್ಲ, ಅಷ್ಟೇ."

ಹದಿನಾರು ಸಾವಿರ ಕೊಟ್ಟೆ. ಒಂದಕ್ಕೆ 250ರ ಹತ್ತಿರ ಬಿತ್ತು. ಬೂಸ್ಟು ಹಿಡಿದ ಮಾಲಿಗೆ ಅದು ಜಾಸ್ತಿಯೇ. ಆದರೆ ಮೇಲಿನ ಪೆಟ್ಟಿಗೆಯಲ್ಲೇ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಅವರ 'ಜ್ಯೋತಿ' ಕಣ್ಣಿಗೆ ಬಿದ್ದಿತ್ತು. ಆಮೇಲೆ ಚೌಕಾಸಿ ಮಾಡುವ ಧೈರ್ಯ ನನಗಿರಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಡಿಸ್ಟಿಲ್ಡ್ ವಾಟರು, ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್, ಎರಡು ಹನಿ ಸೋಪು, ಮೆತ್ತನೆ ಬ್ರಶ್ಶು. ಕಣ್ಣಿಗೆ ಫಳಫಳ. ಸೂಜಿ ಇಟ್ಟರೆ ಬಾಣಲೆಯಲ್ಲಿ ಸಾಸಿವೆ ಸಿಡಿದ ಹಾಗೆ. ಬೂಸ್ಟು ಗೆರೆಯ ತಳದಲ್ಲಿ ಕೂತುಬಿಟ್ಟಿತ್ತು, ಬ್ರಶ್ಶಿನ ಕೂದಲು ಅಲ್ಲಿಗೆ ಮುಟ್ಟುವುದೇ ಇಲ್ಲ. ನೀರು ಹೀರುವ ಮೆಷಿನ್ನಿನ ಬೆಲೆ ವಿಚಾರಿಸಿದೆ. ಸುಂಕ ಎಲ್ಲ ಸೇರಿ ಐವತ್ತು ಸಾವಿರ ದಾಟುತ್ತದೆ ಅಂದರು. ಅಷ್ಟು ದುಡ್ಡಿದ್ದರೆ ನಾನು ಇನ್ನೂ ರೆಕಾರ್ಡು ಕೊಳ್ಳುತ್ತೇನೆ.

ಗೋಂದಿನ ಉಪಾಯ ನನ್ನದಲ್ಲ. ಹೊರದೇಶದ ಸಂಗ್ರಹಕಾರರು ಬಹಳ ವರ್ಷದಿಂದ ಮಾಡುತ್ತಾರೆ. ಬಡಗಿಗಳ ಬಿಳಿ ಗೋಂದು ಕೊಳೆಗೆ ಅಂಟುತ್ತದೆ, ವಿನೈಲ್‌ಗೆ ಅಂಟುವುದಿಲ್ಲ. ಹಚ್ಚಿ, ಒಣಗಿಸಿ, ಸಿಪ್ಪೆ ಎಳೆದರೆ ಕೊಳೆಯೂ ಜೊತೆಗೆ ಬರುತ್ತದೆ. ಹೇಳಲಿಕ್ಕೆ ಇಷ್ಟೇ. ಆದರೆ ಅವರ ಹವೆ ಬೇರೆ, ನಮ್ಮ ಕರಾವಳಿಯ ಹವೆ ಬೇರೆ. ನನ್ನ ದುಡ್ಡು ಹೋದದ್ದೆಲ್ಲ ಈ ವ್ಯತ್ಯಾಸದಲ್ಲಿ.

ಶುರು ಮಾಡಿದ್ದು ಜುಲೈಯಲ್ಲಿ. ಮೂರು ದಿನವಾದರೂ ನಡುವಿನ ಗೋಂದು ಬೆಳ್ಳಗೇ ಇತ್ತು. ತಾಳ್ಮೆ ಕೆಟ್ಟು ಹೇರ್ ಡ್ರೈಯರ್ ಹಿಡಿದೆ. ಐದು ನಿಮಿಷದಲ್ಲಿ ಕಲ್ಕತ್ತೆಯ ಡಂಡಂನಲ್ಲಿ ಪ್ರೆಸ್ ಆದ ಒಂದು ಲೂಯಿ ಆರ್ಮ್‌ಸ್ಟ್ರಾಂಗ್ ರೆಕಾರ್ಡು ಹಪ್ಪಳದ ಹಾಗೆ ಅಂಚೆತ್ತಿತು. ಎರಡನೆಯದನ್ನು ಬಿಸಿಲು ಬಂತೆಂದು ತಾರಸಿಯಲ್ಲಿಟ್ಟೆ. ಅದೂ ಹೋಯಿತು. ಮೂರನೆಯದಕ್ಕೆ ಗೋಂದು ತೆಳುವಾಯಿತು. ಎಳೆದಾಗ ಚೂರು ಚೂರಾಗಿ ಹರಿಯಿತು. ಉಳಿದ ಚೂರುಗಳನ್ನು ಗುಂಡುಸೂಜಿಯಲ್ಲಿ ಕೀಳಲು ಹೋಗಿ ಒಂದು ಹಾಡಿನ ಉದ್ದಕ್ಕೂ ಗೀರು ಬಿತ್ತು. ಅದರ ಮದ್ದು ಗೊತ್ತಾದದ್ದು ಆಮೇಲೆ. ಚೂರು ಉಳಿದರೆ ಕೀಳಬೇಡಿ, ಅದರ ಮೇಲೇ ಇನ್ನೊಂದು ಸಲ ದಪ್ಪಗೆ ಹಚ್ಚಿ. ಹೊಸ ಗೋಂದು ಹಳೆಯದನ್ನು ಹಿಡಿದು ತರುತ್ತದೆ. ವಾಟರ್‌ಪ್ರೂಫ್ ಗೋಂದು ಮಾತ್ರ ಬೇಡ. ಮಾಮೂಲಿ ಬಿಳಿಯದಾದರೆ ಕೊನೆಗೆ ನೀರಿಗಾದರೂ ಮೆತ್ತಗಾಗುತ್ತದೆ.

ಈಗ ನಾನು ಮಾಡುವ ಕ್ರಮ. ನವೆಂಬರಿನಿಂದ ಫೆಬ್ರವರಿವರೆಗೆ ಮಾತ್ರ. ಮೊದಲು ಮಾಮೂಲಿ ತೊಳೆತ, ಪೂರ್ತಿ ಒಣಗಬೇಕು. ಕೆಟ್ಟುಹೋದ ಒಂದು ಹಳೆ ಟರ್ನ್‌ಟೇಬಲ್ಲಿನ ಮೇಲೆ ರೆಕಾರ್ಡಿಟ್ಟು, ಕೈಯಲ್ಲಿ ನಿಧಾನ ತಿರುಗಿಸುತ್ತ ಗೋಂದು ಸುರಿಯುತ್ತೇನೆ. ಒಂದು ಬದಿಗೆ ಸುಮಾರು 60 ಗ್ರಾಂ. ಹಳೆ ಎಟಿಎಂ ಕಾರ್ಡಿನಲ್ಲಿ ಹರಡುತ್ತೇನೆ. ಕಾರ್ಡಿನ ಅಂಚನ್ನು ಹೇಗೆ ಕತ್ತರಿಸಬೇಕು ಅನ್ನುವುದನ್ನು ಕಂಡುಕೊಳ್ಳಲಿಕ್ಕೆ ನನಗೆ ಆರು ಎಲ್‌ಪಿ ಬೇಕಾಯಿತು. ಅದು ಮತ್ತು ಗೋಂದಿಗೆ ನಾನು ಬೆರೆಸುವ ಒಂದು ಸಣ್ಣ ವಸ್ತು, ಇವೆರಡನ್ನು ಇಲ್ಲಿ ಹೇಳುವುದಿಲ್ಲ. ಇವಿಲ್ಲದೆಯೂ ಕೆಲಸ ಆಗುತ್ತದೆ, ಸ್ವಲ್ಪ ನಿಧಾನ, ಅಷ್ಟೇ.

ಲೇಬಲ್ಲಿಗೆ ತಾಗಬಾರದು. ಒಂದು ಕಡೆ ತಾಗಿ, ಕಾಗದ ಗೋಂದಿನ ಜೊತೆಗೇ ಎದ್ದು ಬಂತು. ಹೊರ ಅಂಚಿನಲ್ಲಿ ಒಂದು ಕಾಗದದ ಪಟ್ಟಿಯನ್ನು ಗೋಂದಿನಲ್ಲಿ ಹೂತಿಡಿ, ಎಳೆಯಲಿಕ್ಕೆ ಹಿಡಿಕೆ ಆಗುತ್ತದೆ. ಆಮೇಲೆ ಮಟ್ಟವಾದ ಜಾಗದಲ್ಲಿ, ಫ್ಯಾನಿನ ಕೆಳಗೆ, 24ರಿಂದ 30 ಗಂಟೆ. ಬಿಳಿ ಪೂರ್ತಿ ಮಾಯವಾಗಿ ಗಾಜಿನ ಹಾಗೆ ಆಗಬೇಕು. ಎಲ್ಲೋ ಒಂದು ಕಾಳಿನಷ್ಟು ಬಿಳಿ ಕಂಡರೂ ಮುಟ್ಟಬೇಡಿ.

ಎಳೆಯುವುದೇ ಬೇರೆ ಪಾಠ. ಮೊದಲ ಸಲ ಒಣ ಹವೆಯಲ್ಲಿ ಎಳೆದಾಗ ಚಟಚಟ ಕಿಡಿ ಸದ್ದು ಬಂತು, ಕೈಯ ರೋಮ ನಿಂತಿತು. ಕೋಣೆಯಲ್ಲಿದ್ದ ಧೂಳೆಲ್ಲ ಹಾರಿ ಬಂದು ರೆಕಾರ್ಡಿಗೆ ಕೂತಿತು. ಒಣಗಲಿಕ್ಕೆ ಒಣ ಹವೆ ಬೇಕು, ಎಳೆಯಲಿಕ್ಕೆ ತೇವ ಬೇಕು. ಕೊನೆಗೆ ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು, ಹಬೆ ತುಂಬಿದ ಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತು ಎಳೆದೆ. ಕಿಡಿ ಇಲ್ಲ, ಧೂಳೂ ಇಲ್ಲ. ಕೂಡಲೇ ಡಿಸ್ಟಿಲ್ಡ್ ನೀರಿನಲ್ಲಿ ಒಂದು ಜಾಲಾಟ. ಸಿಪ್ಪೆಯನ್ನು ಬಲ್ಬಿಗೆ ಹಿಡಿದು ನೋಡಬೇಕು ನೀವು! ರೆಕಾರ್ಡಿನ ಗೆರೆಗಳೆಲ್ಲ ಅದರಲ್ಲಿ ಅಚ್ಚಾಗಿ ಕಾಮನಬಿಲ್ಲಿನ ಬಣ್ಣ ಹೊಡೆಯುತ್ತದೆ. ಬೂಸ್ಟು ಇದ್ದ ಜಾಗದಲ್ಲೆಲ್ಲ ಕಂದು ಚುಕ್ಕಿ, ಎಳೆ ಎಳೆಯಾಗಿ. ಮೊದಲನೆಯ ಸಿಪ್ಪೆಯನ್ನು ನಾನಿನ್ನೂ ಎತ್ತಿಟ್ಟಿದ್ದೇನೆ.

ಸದ್ದು ಎಷ್ಟು ಇಳಿಯಿತು ಅಂತ ಒಂದು ಎಲ್‌ಪಿಯನ್ನು ಮೊದಲು ಮತ್ತು ಆಮೇಲೆ ಕಂಪ್ಯೂಟರಿಗೆ ರೆಕಾರ್ಡ್ ಮಾಡಿ ಎಣಿಸಿದೆ. ಮೊದಲ ಒಂದು ನಿಮಿಷದಲ್ಲಿ ನೂರಕ್ಕೂ ಮೇಲೆ ಚಟಚಟ ಇತ್ತು. ಆಮೇಲೆ ಹತ್ತೋ ಹನ್ನೆರಡೋ. ಗೀರಿದ್ದರೆ ಗೀರು ಹಾಗೇ ಇರುತ್ತದೆ. ಸವೆದ ಸೂಜಿಯಲ್ಲಿ ಬಾರಿಸಿ ಗೆರೆ ಹಾಳಾಗಿದ್ದರೆ ಅದಕ್ಕೆ ಗೋಂದು ಎಂತ ಮಾಡೀತು? ಐವತ್ತರ ದಶಕದ ಮೋನೋ (ಎರಡೂ ಕಡೆ ಒಂದೇ ಸದ್ದಿನ) ರೆಕಾರ್ಡುಗಳಿಗೆ ಇನ್ನೊಂದು ಕೆಲಸ ಮಾಡಿದೆ. ಎರಡು ಚಾನೆಲ್‌ಗಳನ್ನು ಒಂದು ವೈ ಕೇಬಲ್ಲಿನಲ್ಲಿ ಕೂಡಿಸಿದೆ. ಸೂಜಿ ಮೇಲೆ ಕೆಳಗೆ ಕುಪ್ಪಳಿಸುವ ಸದ್ದು ಅಲ್ಲೇ ರದ್ದಾಗಿ, ಉಳಿದ ಚಟಚಟವೂ ಅರ್ಧಕ್ಕಿಳಿಯಿತು. ಕೇಬಲ್ಲಿಗೆ ನೂರೈವತ್ತು ರೂಪಾಯಿ.

ಇನ್ನು ಶ್ರುತಿಯ ಗಲಾಟೆ. ಪೆಟ್ಟಿಗೆಯಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಇತ್ತು, ಕೆಂಪು ಲೇಬಲ್ಲಿನ ಅಮೆರಿಕನ್ ಪ್ರೆಸ್ಸಿಂಗ್. ಗೋಂದು ಹಾಕಿ ತೆಗೆದ ಮೇಲೆ ಬಹಳ ಚೆಂದ ಕೇಳಿಸಿತು. ನನ್ನ ಅಕ್ಕ ಸಂಗೀತ ಪಾಠ ಹೇಳುತ್ತಾಳೆ. ಪಕ್ಕದ ಕೋಣೆಯಲ್ಲಿ ಒಬ್ಬ ಹುಡುಗನಿಗೆ ಶ್ರುತಿಪೆಟ್ಟಿಗೆ ಎರಡು ಮನೆಯಲ್ಲಿ, ಅಂದರೆ ಪಾಶ್ಚಾತ್ಯರ ಡಿ ಸ್ವರಕ್ಕೆ, ಇಟ್ಟಿದ್ದಳು. ಎದ್ದು ಬಂದು, "ನಿನ್ನದು ಎರಡರ ಹತ್ತಿರ ಉಂಟು, ಆದರೆ ಸ್ವಲ್ಪ ಏರಿದೆ ಅಲ್ವಾ?" ಅಂದಳು. ಪೆಟ್ಟಿಗೆಯನ್ನು ಹತ್ತಿರ ತಂದಿಟ್ಟೆವು. ಹೌದು. ಎರಡಕ್ಕೂ ಕೂಡುವುದಿಲ್ಲ, ಎರಡೂವರೆಗೂ ಕೂಡುವುದಿಲ್ಲ.

ಇದನ್ನು ಬೆಂಗಳೂರಿಗೆ ಹೇಳಿದ್ದೇ ತಪ್ಪಾಯಿತು. "ನೋಡಿ, ಗೋಂದು ಒಣಗುವಾಗ ಕುಗ್ಗಿಸಿದೆ" ಅಂದರು. ತಟ್ಟೆ ಕುಗ್ಗಿದರೂ ಒಂದು ಸುತ್ತಿಗೆ ಹಿಡಿಯುವ ಹೊತ್ತು ಅಷ್ಟೇ ಅಲ್ವಾ, ಶ್ರುತಿ ಏರುವುದು ಹೇಗೆ? ಅನುಮಾನ ಬಂದದ್ದು ನನ್ನ ಟರ್ನ್‌ಟೇಬಲ್ಲಿನ ಮೇಲೆ. ಅದು ಅಮೆರಿಕದಿಂದ ಬಂದದ್ದು, 60 ಹರ್ಟ್ಸ್ ಮೋಟಾರು. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಸರಿಯಾಗುತ್ತದೆ, ಹರ್ಟ್ಸ್ ಸರಿಯಾಗುವುದಿಲ್ಲ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಮೊದಲು ನಿಮಿಷಕ್ಕೆ 33⅓ ಸುತ್ತಿನ ಬದಲು 28ರ ಹತ್ತಿರ ತಿರುಗುತ್ತಿತ್ತು. ಆಲ್ಟೋ ಸ್ಯಾಕ್ಸೊಫೋನ್ ಹಾಕಿದರೆ ಟೆನರ್ ಅನ್ನಿಸುತ್ತಿತ್ತು. ಹಾಗಾಗಿ ಮಂಗಳೂರಿನ ಯೆಯ್ಯಾಡಿಯ ಒಂದು ಲೇತ್‌ನಲ್ಲಿ ಹಿತ್ತಾಳೆಯ ಪುಲ್ಲಿ ಮಾಡಿಸಿದ್ದೆ, ಹಳೆಯದರ 1.2 ಪಟ್ಟು. ಬೆಲ್ಟಿನ ದಪ್ಪ ಲೆಕ್ಕಕ್ಕೆ ತಗೊಳ್ಳದೆ ಮೊದಲನೆಯದು ಒಂದು ಚೂರು ನಿಧಾನವಾಯಿತು, ಇನ್ನೊಂದು ಮಾಡಿಸಿದೆ. ಎರಡೂ ಸೇರಿ ಒಂಬೈನೂರು.

ಆ ಪುಲ್ಲಿ ಈಗ ಜೋರಾಗಿ ಓಡಿಸುತ್ತಿದೆಯೋ ಅಂತ, ಸ್ಪೀಡು ನೋಡುವ ಗೆರೆಗಳ ಸ್ಟ್ರೋಬ್ ಚಕ್ರ ಇಟ್ಟು, ಹಳೆ ಚೋಕಿನ ಟ್ಯೂಬ್‌ಲೈಟ್ ಹಾಕಿ ನೋಡಿದೆ. 50 ಹರ್ಟ್ಸಿಗೆ 180 ಗೆರೆಯದ್ದು ಬೇಕು, 216ರದ್ದು ಅಮೆರಿಕಕ್ಕೆ. ಗೆರೆಗಳು ಅಲ್ಲಾಡದೆ ನಿಂತವು. ಸ್ಪೀಡು ಸರಿ ಇತ್ತು. ರೆಕಾರ್ಡು ತಿರುವಿ ಹಾಕಿದೆ. ಎರಡನೇ ಬದಿಯ ಮೊದಲ ಹಾಡಿಗೆ ಅಕ್ಕ ಪೆಟ್ಟಿಗೆಯನ್ನು ಐದು ಮನೆಗೆ ತಿರುಗಿಸಿದಳು. ಕೂದಲಷ್ಟೂ ವ್ಯತ್ಯಾಸವಿಲ್ಲ, ಕೂಡಿಕೊಂಡಿತು.

ತಪ್ಪು ನನ್ನ ಮನೆಯಲ್ಲಿ ಇರಲೇ ಇಲ್ಲ. ಮೊದಲ ಬದಿಯ ಮೂರೂ ಹಾಡು ರೆಕಾರ್ಡ್ ಆದದ್ದು 1959ರ ಮಾರ್ಚ್ 2ಕ್ಕೆ, ನ್ಯೂಯಾರ್ಕಿನ 30ನೇ ಬೀದಿಯ ಕೊಲಂಬಿಯಾ ಕಂಪನಿಯ ಸ್ಟುಡಿಯೋದಲ್ಲಿ. ಅವತ್ತು ಟೇಪ್ ಮೆಷಿನ್ ಸ್ವಲ್ಪ ನಿಧಾನ ಓಡಿತ್ತು. ಹಾಗಾಗಿ ಸರಿಯಾದ ಸ್ಪೀಡಿನಲ್ಲಿ ಹಾಕಿದರೆ ಶ್ರುತಿ ಏರಿ ಕೇಳುತ್ತದೆ. ಎರಡನೇ ಬದಿ ಏಪ್ರಿಲ್ 22ರದ್ದು, ಅದು ಸರಿ ಇದೆ. 1992ರಲ್ಲಿ, ಮೊದಲ ದಿನ ಜೊತೆಗೇ ಓಡಿದ್ದ ಎರಡನೇ ಮೆಷಿನ್ನಿನ ಟೇಪಿನಿಂದ ಅದನ್ನು ಸರಿಪಡಿಸಿದರು. ಬೆಂಗಳೂರಿನ ಗೆಳೆಯರೊಬ್ಬರ ಹತ್ತಿರವೇ ಆಮೇಲಿನ ಸಿಡಿ ಇತ್ತು. ತರಿಸಿ ಹಾಕಿದರೆ ಎರಡು ಮನೆಗೆ ಕರೆಕ್ಟಾಗಿ ಕೂತಿತು. ಇಷ್ಟು ವರ್ಷ ಕೇಳಿದ ನಮಗೆ ಯಾರಿಗೂ ಕಿವಿಗೆ ಬೀಳದ್ದು, ಜಾಝ್ ಕೇಳದ ಅಕ್ಕನಿಗೆ ಒಂದೇ ಸಲಕ್ಕೆ ಬಿತ್ತು. ನನಗೆ ಅದೇ ದೊಡ್ಡ ಖುಷಿ.

ಗೆಳೆಯರಿಬ್ಬರು ಜನವರಿಯಲ್ಲಿ ಮನೆಗೆ ಬಂದರು. ಒಂದೇ ಎಲ್‌ಪಿಯ ಒಂದು ಬದಿಗೆ ಮಾತ್ರ ಗೋಂದು ಹಾಕಿ, ಇನ್ನೊಂದು ಬದಿ ಬರೀ ತೊಳೆದು ಇಟ್ಟಿದ್ದೆ. ಯಾವುದು ಯಾವುದು ಅಂತ ಹೇಳಲಿಲ್ಲ. ಸೂಜಿ ಇಟ್ಟು ಅರ್ಧ ನಿಮಿಷಕ್ಕೆ ಇಬ್ಬರೂ ಸರಿಯಾಗಿ ಹೇಳಿದರು. ಆಮೇಲೆ 'ಜ್ಯೋತಿ' ಹಾಕಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಮರಿಯಾನೋ ಅಮೆರಿಕದ ಸ್ಯಾಕ್ಸೊಫೋನ್ ವಾದಕ, ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿದವರು, ನಾಗಸ್ವರವನ್ನೂ ಕಲಿತವರು. ಇದನ್ನು ಮಾಡಿದ್ದು ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಜೊತೆ. ಆರ್. ಎ. ರಮಾಮಣಿ ಅವರ ದನಿ, ಟಿ. ಎ. ಎಸ್. ಮಣಿ ಅವರ ಮೃದಂಗ. 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಯಿಂದ ಬಂತು. ದನಿ ಮತ್ತು ಸ್ಯಾಕ್ಸೊಫೋನ್ ನಡುವೆ ಜಾಗ ಬಿಟ್ಟು ಮಾಡಿದ ರೆಕಾರ್ಡು. ಅಂಥ ಜಾಗದಲ್ಲಿ ಒಂದು ಚಟ ಕೇಳಿದರೂ ಎದೆಗೆ ಚುಚ್ಚುತ್ತದೆ. ಈಗ ಆ ಜಾಗ ಖಾಲಿ ಇದೆ. ಉಸಿರು ತಗೊಳ್ಳುವುದು ಕೇಳುತ್ತದೆ. ಇಬ್ಬರೂ ಮಾತಾಡಲಿಲ್ಲ. ಬದಿ ಮುಗಿದ ಮೇಲೆ ಒಬ್ಬರು "ತಿರುವಿ ಹಾಕಿ" ಅಂದರು, ಅಷ್ಟೇ.

ನಿಮಿಷಕ್ಕೆ 78 ಸುತ್ತಿನ ಹಳೆ ರೆಕಾರ್ಡು ಇರುವವರಿಗೆ ಎಚ್ಚರಿಕೆ. ಅದು ಅರಗಿನದ್ದು. ನನ್ನ ಹತ್ತಿರ ಟೆಡ್ಡಿ ವೆದರ್‌ಫರ್ಡ್ ಅವರ ಕಲ್ಕತ್ತೆಯ ದಿನಗಳದ್ದು ಒಂದು ಇದೆ. 1945ರಲ್ಲಿ ಅಲ್ಲೇ ತೀರಿಕೊಂಡ ಅಮೆರಿಕನ್ ಪಿಯಾನೋ ವಾದಕ ಅವರು. ಅದಕ್ಕೆ ಗೋಂದು ಹಾಕುವ ಮೊದಲು, ಪುಣ್ಯಕ್ಕೆ, ಬಿರುಕು ಬಿಟ್ಟ ಬೇರೊಂದು 78ರ ಮೇಲೆ ಪರೀಕ್ಷೆ ಮಾಡಿದೆ. ಹೊಳಪು ಹೋಗಿ ಬೂದಿ ಬಣ್ಣ ಬಂತು. ಆಲ್ಕೋಹಾಲ್ ಅಂತೂ ಅರಗನ್ನೇ ಕರಗಿಸುತ್ತದೆ. ಅದಕ್ಕೆ ತಣ್ಣೀರು, ಒಂದು ಹನಿ ಸೋಪು, ತಕ್ಷಣ ಒರೆಸುವುದು. ಬೇರೇನೂ ಬೇಡ.

ಖರ್ಚು: ಗೋಂದು ಕಿಲೋಗೆ ಮುನ್ನೂರರ ಆಸುಪಾಸು, ಎರಡೂ ಬದಿಗೆ ಹಾಕಿದರೆ ಕಿಲೋಗೆ ಏಳೆಂಟು ಎಲ್‌ಪಿ. ಡಿಸ್ಟಿಲ್ಡ್ ನೀರು ಬ್ಯಾಟರಿ ಅಂಗಡಿಯದ್ದೇ ಸಾಕು. ಹೊಸ ಒಳಕವರು ಸೇರಿಸಿ ಒಂದಕ್ಕೆ ಎಪ್ಪತ್ತು ರೂಪಾಯಿ ಹಿಡಿಯಿರಿ. ಹಳೆ ಒಳಕವರಿಗೆ ವಾಪಸು ಹಾಕಬೇಡಿ, ಬೂಸ್ಟು ಮೊದಲು ತಿನ್ನುವುದು ಕಾಗದವನ್ನೇ. ಬಾಲ್‌ಪೆನ್ನಿನಲ್ಲಿ ಊರು ಬರೆದ ಮೂಲೆಗಳನ್ನು ಮಾತ್ರ ಕತ್ತರಿಸಿ, ಬಿಸಿಲಿಗಿಟ್ಟು, ಆಯಾ ರೆಕಾರ್ಡಿನ ಹೊರಕವರಿಗೆ ಅಂಟಿಸಿದ್ದೇನೆ.

ಬಾಕಿ ಇರುವ ಒಂಬತ್ತರಲ್ಲಿ ನಾಲ್ಕು ಜಪಾನಿನವು. ಹೋದ ವಾರ ಬೆಂಗಳೂರಿನಿಂದ ಬಸ್ಸಿನಲ್ಲಿ ಒಂದು ಪಾರ್ಸೆಲ್ ಬಂತು, ಹನ್ನೊಂದು ಎಲ್‌ಪಿ. ಕಳಿಸಿದ್ದು ಫೋನ್ ಎತ್ತದ ಗೆಳೆಯರೇ. ಹೊರಗೆ ಮಳೆ ಹೊಯ್ಯುತ್ತಿದೆ. ನವೆಂಬರಿನಲ್ಲಿ ಶುರು ಮಾಡುತ್ತೇನೆ.