ಆ್ಯಪ್‌ನಲ್ಲಿ ಮನೆ ಲೆಕ್ಕ: ಬ್ಯಾಂಕ್ ಬ್ಯಾಲೆನ್ಸ್‌ಗೆ ತಾಳೆಯಾಗುವಂತೆ ಬರೆಯುವುದು ಹೇಗೆ?

ಖರ್ಚು ಬರೆದಿಡುವ ಆ್ಯಪ್‌ಗಳಿಗೆ ಬರವಿಲ್ಲ. ಇನ್‌ಸ್ಟಾಲ್ ಮಾಡಿ ಹದಿನೈದು ದಿನ ಉತ್ಸಾಹದಿಂದ ಬರೆದು, ಆಮೇಲೆ ಕೈಬಿಟ್ಟವರಿಗೂ ಬರವಿಲ್ಲ. ಇದಕ್ಕೆ ಸೋಮಾರಿತನವನ್ನು ದೂರುವುದು ಸುಲಭ. ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಆ್ಯಪ್ ಒಂದು ಬ್ಯಾಲೆನ್ಸ್ ಹೇಳುತ್ತದೆ, ಬ್ಯಾಂಕ್ ಇನ್ನೊಂದು ಹೇಳುತ್ತದೆ. ವ್ಯತ್ಯಾಸ ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ. ಒಮ್ಮೆ ಲೆಕ್ಕದ ಮೇಲಿನ ನಂಬಿಕೆ ಹೋದರೆ ಬರೆಯುವ ಮನಸ್ಸೂ ಹೋಗುತ್ತದೆ. ಆದ್ದರಿಂದ ಇಲ್ಲಿನ ಹಂತಗಳೆಲ್ಲ ಒಂದೇ ಗುರಿಗಾಗಿ: ವಾರಕ್ಕೊಮ್ಮೆ ನೋಡಿದಾಗ ಎರಡೂ ಮೊತ್ತ ಒಂದೇ ಇರಬೇಕು.

ಯಾವ ಬಗೆಯ ಆ್ಯಪ್?

ಮೂರು ಬಗೆಗಳಿವೆ. ಬ್ಯಾಂಕಿನ ಎಸ್‌ಎಂಎಸ್‌ಗಳನ್ನು ಓದಿ ತಾನೇ ಖರ್ಚು ದಾಖಲಿಸುವಂಥವು ಮೊದಲನೆಯವು. ರಿಸರ್ವ್ ಬ್ಯಾಂಕ್ ಪರವಾನಗಿ ಪಡೆದ ‘ಅಕೌಂಟ್ ಅಗ್ರಿಗೇಟರ್’ ಮೂಲಕ, ನಿಮ್ಮ ಒಪ್ಪಿಗೆ ಪಡೆದು ಖಾತೆಯ ವಿವರ ತರಿಸಿಕೊಳ್ಳುವಂಥವು ಎರಡನೆಯವು. ಮೂರನೆಯವು ನೀವೇ ಕೈಯಿಂದ ಬರೆಯಬೇಕಾದವು. ರಿಯಲ್‌ಬೈಟ್‌ನ ‘ಮನಿ ಮ್ಯಾನೇಜರ್’, ‘ಮೊನೆಫೈ’, ‘ಗುಡ್‌ಬಜೆಟ್’ ಇವೆಲ್ಲ ಈ ಗುಂಪಿನವು.

ಎಸ್‌ಎಂಎಸ್ ಓದುವ ಆ್ಯಪ್ ಕೇಳಲು ಚೆಂದ, ಲೆಕ್ಕಕ್ಕೆ ನೆಚ್ಚಿಕೊಳ್ಳುವಂತಿಲ್ಲ. ಕೆಲವು ಬ್ಯಾಂಕ್‌ಗಳು ಸಣ್ಣ ಮೊತ್ತದ ಯುಪಿಐ ಪಾವತಿಗೆ ಎಸ್‌ಎಂಎಸ್ ಕಳಿಸುವುದನ್ನೇ ನಿಲ್ಲಿಸಿವೆ. ಎಚ್‌ಡಿಎಫ್‌ಸಿ ಬ್ಯಾಂಕ್ 2024ರ ಜೂನ್ 25ರಿಂದ 100 ರೂಪಾಯಿಗಿಂತ ಕಡಿಮೆಯ ಯುಪಿಐ ಪಾವತಿಗೆ ಸಂದೇಶ ಕಳಿಸುತ್ತಿಲ್ಲ. ಹಾಗಾಗಿ ಟೀ, ಬಾಳೆಹಣ್ಣು, ಆಟೊ, ಪಾರ್ಕಿಂಗ್ ಇವೆಲ್ಲ ಆ್ಯಪ್‌ನ ಕಣ್ಣಿಗೇ ಬೀಳುವುದಿಲ್ಲ. ಇನ್ನೊಂದೆಡೆ, ಇಲ್ಲದ ಖರ್ಚನ್ನು ಸೇರಿಸಿಬಿಡುವ ಅಪಾಯವೂ ಇದೆ. ಒಟಿಟಿ ಚಂದಾ, ಎಸ್‌ಐಪಿ (ಮ್ಯೂಚುವಲ್ ಫಂಡ್‌ನ ಕಂತು) ಇಂಥವುಗಳಿಗೆ ಖಾತೆಯಿಂದ ತಾನಾಗಿ ಹೋಗುವ ‘ಆಟೊಪೇ’ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ‘ಇಷ್ಟು ಹಣ ಕಡಿತವಾಗಲಿದೆ’ ಎಂದು ಮುನ್ಸೂಚನೆ ಬರುತ್ತದೆ. ಮರುದಿನ ‘ಕಡಿತವಾಗಿದೆ’ ಎಂಬ ಸಂದೇಶ ಬರುತ್ತದೆ. ಎರಡನ್ನೂ ಖರ್ಚೆಂದು ಎಣಿಸಿದರೆ 499 ರೂಪಾಯಿ 998 ಆಗುತ್ತದೆ. ಜೊತೆಗೆ, ಎಸ್‌ಎಂಎಸ್ ಓದಲು ಅನುಮತಿ ಕೊಟ್ಟರೆ ಒಟಿಪಿಗಳೂ ಆ ಆ್ಯಪ್‌ಗೆ ಕಾಣುತ್ತವೆ ಎಂಬುದು ನೆನಪಿರಲಿ. ಖರ್ಚಿನ ಆ್ಯಪ್ ಕಾಂಟ್ಯಾಕ್ಟ್ಸ್ ಅನುಮತಿ ಕೇಳಿದರಂತೂ ಕೊಡುವ ಅಗತ್ಯವೇ ಇಲ್ಲ.

ಕೈಯಿಂದ ಬರೆಯುವುದೇ ಒಳ್ಳೆಯದು. ಒಂದು ನಮೂದಿಗೆ ಹತ್ತು ಸೆಕೆಂಡ್ ಸಾಕು. ಕೆಳಗಿನ ವಿವರಗಳು ಅಂಥ ಆ್ಯಪ್‌ಗೆ ಸಂಬಂಧಿಸಿದವು. ಆದಾಯ, ಖರ್ಚು, ವರ್ಗಾವಣೆ ಎಂಬ ಮೂರೂ ಬಗೆಯ ನಮೂದು ಇರುವ ಆ್ಯಪ್ ಆರಿಸಿ. ವರ್ಗಾವಣೆ ಎಂಬುದು ಇಲ್ಲದಿದ್ದರೆ ಆ ಆ್ಯಪ್ ಬೇಡ.

ಮೊದಲ ದಿನ: ಖಾತೆಗಳು

ಹಣ ಎಲ್ಲೆಲ್ಲಿ ಕೂತಿದೆಯೋ ಅಷ್ಟು ಖಾತೆ ತೆರೆಯಿರಿ. ಸಂಬಳದ ಬ್ಯಾಂಕ್ ಖಾತೆ, ಇನ್ನೊಂದು ಉಳಿತಾಯ ಖಾತೆ ಇದ್ದರೆ ಅದು, ಪರ್ಸ್‌ನಲ್ಲಿರುವ ನಗದು, ಕ್ರೆಡಿಟ್ ಕಾರ್ಡ್, ಕಾರಿದ್ದರೆ ಫಾಸ್ಟ್ಯಾಗ್. ಯುಪಿಐ ಲೈಟ್ ಬಳಸುವವರು ಅದಕ್ಕೂ ಒಂದು ಖಾತೆ ತೆರೆಯಲೇಬೇಕು. ಪಿನ್ ಕೇಳದ ಈ ಪುಟ್ಟ ವಾಲೆಟ್‌ನಲ್ಲಿ ಗರಿಷ್ಠ 5,000 ರೂಪಾಯಿ ಇಡಬಹುದು, ಒಂದು ಸಲಕ್ಕೆ 1,000ದವರೆಗೆ ಕೊಡಬಹುದು. ಪಾಸ್‌ಬುಕ್‌ನಲ್ಲಿ ಕಾಣುವುದು ಅದಕ್ಕೆ ತುಂಬಿಸಿದ ಮೊತ್ತ ಮಾತ್ರ. ಒಳಗಿನ ಒಂದೊಂದು ಖರ್ಚು ಕಾಣುವುದಿಲ್ಲ.

ಎಲ್ಲ ಖಾತೆಗಳ ಆರಂಭಿಕ ಶಿಲ್ಕನ್ನು ಒಂದೇ ಹೊತ್ತಿನಲ್ಲಿ ಬರೆಯಿರಿ. ಬೆಳಿಗ್ಗೆ ಬ್ಯಾಂಕಿನದು, ಸಂಜೆ ಪರ್ಸಿನದು ಎಂದರೆ ನಡುವಿನ ಖರ್ಚು ಎಲ್ಲೂ ಸೇರದೆ ಉಳಿಯುತ್ತದೆ. ಕ್ರೆಡಿಟ್ ಕಾರ್ಡ್‌ನ ಬಾಕಿಯನ್ನು ಮೈನಸ್‌ನಲ್ಲಿ, ಅಥವಾ ಆ್ಯಪ್‌ನಲ್ಲಿ ಸಾಲದ ಕಾಲಂ ಇದ್ದರೆ ಅಲ್ಲಿ, ತೋರಿಸಬೇಕು.

ಮುಂದೆ ತಿಂಗಳ ಆರಂಭದ ದಿನಾಂಕ. ಸೆಟ್ಟಿಂಗ್ಸ್‌ನಲ್ಲಿ ಇದು 1 ಎಂದಿರುತ್ತದೆ. ಸಂಬಳ ಕೆಲವೊಮ್ಮೆ 30ಕ್ಕೆ, ಕೆಲವೊಮ್ಮೆ 1ಕ್ಕೆ ಬರುವವರಿಗೆ ಇದರಿಂದ ಒಂದು ತಿಂಗಳಲ್ಲಿ ಎರಡು ಸಂಬಳ, ಇನ್ನೊಂದರಲ್ಲಿ ಸೊನ್ನೆ ಕಾಣಿಸುತ್ತದೆ. ಆರಂಭವನ್ನು 28 ಎಂದು ಬದಲಿಸಿದರೆ ಎರಡೂ ಒಂದೇ ತಿಂಗಳೊಳಗೆ ಬೀಳುತ್ತವೆ. ಫೆಬ್ರುವರಿಯಲ್ಲೂ 28 ಇರುವುದರಿಂದ ತೊಂದರೆಯಿಲ್ಲ.

ವಿಭಾಗಗಳು ಹತ್ತು–ಹನ್ನೆರಡು ಸಾಕು

ಆ್ಯಪ್ ಕೊಟ್ಟಿರುವ ಸಾಕುಪ್ರಾಣಿ, ಸೌಂದರ್ಯ, ಸಾಮಾಜಿಕ ಜೀವನ ಇತ್ಯಾದಿಗಳಲ್ಲಿ ನಿಮಗೆ ಬೇಡದ್ದನ್ನು ಅಳಿಸಿ. ದಿನಸಿ, ಹಾಲು–ಮೊಸರು, ತರಕಾರಿ–ಹಣ್ಣು, ಬಾಡಿಗೆ, ಬಿಲ್‌ಗಳು, ಪೆಟ್ರೋಲ್, ಹೊರಗಿನ ಊಟ, ಔಷಧ, ಶಾಲೆ, ಹಬ್ಬ–ಊರು, ಇತರೆ. ಒಂದು ವಿಭಾಗ ಬೇಕೋ ಬೇಡವೋ ಎಂದು ತೀರ್ಮಾನಿಸಲು ಒಂದೇ ಪ್ರಶ್ನೆ: ಇದರ ಮೊತ್ತ ಗೊತ್ತಾದರೆ ನೀವು ಏನಾದರೂ ಬದಲಿಸುತ್ತೀರಾ? ಸೋಪು, ಶಾಂಪೂಗಳನ್ನು ದಿನಸಿಯಿಂದ ಬೇರ್ಪಡಿಸಿ ಯಾರಿಗೂ ಲಾಭವಾಗಿಲ್ಲ. ಹೋಟೆಲ್ ಊಟವನ್ನು ದಿನಸಿಯೊಂದಿಗೆ ‘ಆಹಾರ’ ಎಂದು ಸೇರಿಸಿಬಿಟ್ಟರೆ ಮಾತ್ರ ನಷ್ಟ, ಕಡಿಮೆ ಮಾಡಬಹುದಾದ ಖರ್ಚು ಮಾಡಲಾಗದ ಖರ್ಚಿನ ಹಿಂದೆ ಅಡಗಿ ಕೂರುತ್ತದೆ.

ಸೂಪರ್‌ಮಾರ್ಕೆಟ್ ಬಿಲ್‌ನಲ್ಲಿ ಬೇಳೆಯ ಜೊತೆ ಮಗುವಿನ ಚಪ್ಪಲಿಯೂ ಇದ್ದರೆ? 300 ರೂಪಾಯಿಗಿಂತ ಹೆಚ್ಚಿನ ವಸ್ತುವನ್ನು ಮಾತ್ರ ಬೇರೆ ನಮೂದಾಗಿ ಬರೆಯಿರಿ, ಉಳಿದದ್ದು ದಿನಸಿ. ಹಾಗೆಯೇ, ‘ಇತರೆ’ ಒಟ್ಟು ಖರ್ಚಿನ ಹತ್ತರಲ್ಲೊಂದು ಪಾಲು ದಾಟಿದರೆ ಅದನ್ನು ತೆರೆದು ನೋಡಿ. ಒಳಗೆ ಹೆಸರಿಡದ ಒಂದು ವಿಭಾಗ ಸಿಕ್ಕೇ ಸಿಗುತ್ತದೆ.

ಖರ್ಚಲ್ಲದ್ದನ್ನು ಖರ್ಚೆಂದು ಬರೆಯಬೇಡಿ

ಹೆಚ್ಚಿನ ಲೆಕ್ಕಗಳು ಕೆಡುವುದು ಇಲ್ಲೇ. ಹಣ ನಿಮ್ಮದೇ ಒಂದು ಜಾಗದಿಂದ ಇನ್ನೊಂದಕ್ಕೆ ಹೋದರೆ ಅದು ವರ್ಗಾವಣೆ. ನಿಮ್ಮ ಕೈ ಬಿಟ್ಟು ಹೋದರೆ ಮಾತ್ರ ಖರ್ಚು.

ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳಿ. ತಿಂಗಳಲ್ಲಿ ಕಾರ್ಡ್ ಉಜ್ಜಿ 8,000 ರೂಪಾಯಿಯ ಸಾಮಾನು ತಂದಿರಿ, ಆಗಲೇ ಅವನ್ನು ಖರ್ಚೆಂದು ಬರೆದಿರಿ. ಮುಂದಿನ ತಿಂಗಳು 8,000ದ ಬಿಲ್ ಕಟ್ಟಿದಾಗ ಮತ್ತೆ ‘ಬಿಲ್‌ಗಳು’ ಎಂದು ಖರ್ಚು ಬರೆದರೆ ಒಟ್ಟು 16,000 ಆಯಿತು. ಬಿಲ್ ಪಾವತಿ ಎಂಬುದು ಬ್ಯಾಂಕ್ ಖಾತೆಯಿಂದ ಕಾರ್ಡ್ ಖಾತೆಗೆ ವರ್ಗಾವಣೆ ಅಷ್ಟೆ. ತಡವಾಗಿ ಕಟ್ಟಿದ್ದಕ್ಕೆ ಬಿದ್ದ ದಂಡ, ಬಡ್ಡಿ ಮಾತ್ರ ಹೊಸ ಖರ್ಚು.

ಎಟಿಎಂನಿಂದ ತೆಗೆದ 2,000 ರೂಪಾಯಿಯೂ ಹೀಗೆಯೇ, ಬ್ಯಾಂಕಿನಿಂದ ನಗದಿಗೆ ವರ್ಗಾವಣೆ. ಯುಪಿಐ ಲೈಟ್‌ಗೆ ತುಂಬಿಸಿದ್ದು, ಫಾಸ್ಟ್ಯಾಗ್ ರೀಚಾರ್ಜ್ ಮಾಡಿದ್ದು ಇದೇ ಸಾಲಿನವು. ಮೆಟ್ರೊ ಕಾರ್ಡ್‌ಗೂ ಖಾತೆ ತೆರೆಯುವಷ್ಟು ತಾಳ್ಮೆ ಇಲ್ಲದಿದ್ದರೆ ರೀಚಾರ್ಜ್ ಮಾಡಿದ ದಿನವೇ ‘ಪ್ರಯಾಣ’ ಎಂದು ಒಮ್ಮೆಗೇ ಬರೆದುಬಿಡಿ. ಎರಡೂ ಕಡೆ ಬರೆಯದಿದ್ದರಾಯಿತು.

ಸ್ನೇಹಿತರಿಗೆ ಕೊಟ್ಟ ಕೈಸಾಲಕ್ಕೆ ‘ಬರಬೇಕಾದ್ದು’ ಎಂಬ ಖಾತೆ ಮಾಡಿ, ಅಲ್ಲಿಗೆ ವರ್ಗಾಯಿಸಿ. ನಾಲ್ವರ ಊಟದ 1,200 ರೂಪಾಯಿಯನ್ನು ನೀವೊಬ್ಬರೇ ಕೊಟ್ಟಿದ್ದರೆ ನಿಮ್ಮ ಪಾಲಿನ 300 ಖರ್ಚು, ಉಳಿದ 900 ಇದೇ ಖಾತೆಗೆ. ಮನೆ ಬಾಡಿಗೆಯ ಅಡ್ವಾನ್ಸ್ ದೊಡ್ಡ ಮೊತ್ತ, ಮನೆ ಬಿಡುವಾಗ ವಾಪಸ್ ಬರುವಂಥದ್ದು. ಅದಕ್ಕೂ ಪ್ರತ್ಯೇಕ ಖಾತೆ. ಮಾಲೀಕರು ಬಣ್ಣಕ್ಕೆಂದು ಹಿಡಿದುಕೊಂಡದ್ದನ್ನು ಅಂದು ಖರ್ಚು ಬರೆದರಾಯಿತು. ಚೀಟಿಗೆ ಕಟ್ಟುವ ಕಂತನ್ನೂ ಹೀಗೆಯೇ ಒಂದು ಖಾತೆಯಲ್ಲಿ ಕೂಡಿಸುತ್ತಾ ಹೋಗಿ.

ಆನ್‌ಲೈನ್‌ನಲ್ಲಿ ಕೊಂಡ ಬಟ್ಟೆ ಹಿಂದಿರುಗಿಸಿ ಹಣ ವಾಪಸ್ ಬಂದರೆ ಅದನ್ನು ಆದಾಯಕ್ಕೆ ಸೇರಿಸಬಾರದು. ಹಳೆಯ ನಮೂದನ್ನೇ ಅಳಿಸಿ, ಅಥವಾ ಅದೇ ವಿಭಾಗದಲ್ಲಿ ಮೈನಸ್ ಮೊತ್ತ ಬರೆಯಿರಿ. ಇಲ್ಲವಾದರೆ ಬಟ್ಟೆಯ ಖರ್ಚೂ ಹೆಚ್ಚು, ಆದಾಯವೂ ಹೆಚ್ಚು ಕಾಣುತ್ತದೆ.

ಬಜೆಟ್: ಮೊದಲು ವರ್ಷದ ಖರ್ಚು ಕಳೆಯಿರಿ

ಮೊದಲ ತಿಂಗಳು ಬಜೆಟ್ ಹಾಕಲೇಬೇಡಿ, ಬರೆಯುತ್ತಾ ಹೋಗಿ. ಊಹೆಯ ಮೇಲೆ ಹಾಕಿದ ಬಜೆಟ್ ಹತ್ತನೇ ತಾರೀಖಿಗೇ ಕೆಂಪು ಬಣ್ಣಕ್ಕೆ ತಿರುಗುತ್ತದೆ.

ಎರಡನೇ ತಿಂಗಳು, ಕೈಗೆ 58,000 ರೂಪಾಯಿ ಸಂಬಳ ಬರುವ, ಒಂದು ಮಗುವಿರುವ ಮನೆಯನ್ನು ಉದಾಹರಣೆಯಾಗಿ ನೋಡೋಣ. ಬಾಡಿಗೆ 14,000, ಬೈಕ್ ಇಎಂಐ 3,900, ಶಾಲಾ ವ್ಯಾನ್ 1,800, ಕರೆಂಟು–ನೀರು–ಇಂಟರ್ನೆಟ್–ಮೊಬೈಲ್ 2,300, ಉಳಿತಾಯದ ಆರ್‌ಡಿ 6,000. ಒಟ್ಟು 28,000, ಇದರಲ್ಲಿ ಚೌಕಾಸಿಯಿಲ್ಲ. ಉಳಿದ 30,000ವನ್ನು ತಿಂಗಳ ಖರ್ಚಿಗೆ ಹಂಚಿಬಿಡುವುದು ವಾಡಿಕೆ. ಜೂನ್‌ನಲ್ಲಿ ಶಾಲೆ ಶುಲ್ಕ ಬಂದಾಗ ಸಾಲ ಹುಡುಕುವುದೂ ಅದರಿಂದಲೇ.

ವರ್ಷಕ್ಕೊಮ್ಮೆ, ಆರು ತಿಂಗಳಿಗೊಮ್ಮೆ ಬರುವುದನ್ನೆಲ್ಲ ಪಟ್ಟಿ ಮಾಡಿ. ಶಾಲೆ ಶುಲ್ಕ 42,000, ಎಲ್‌ಐಸಿ ಕಂತು 18,000, ಆರೋಗ್ಯ ವಿಮೆ 19,200, ಬೈಕ್ ವಿಮೆ–ಸರ್ವಿಸ್ 4,800, ಹಬ್ಬದ ಬಟ್ಟೆ ಮತ್ತು ಊರಿಗೆ ಹೋಗಿಬರುವುದು 24,000. ಕೂಡಿದರೆ 1,08,000, ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 9,000. ಸಂಬಳ ಬಂದ ದಿನವೇ ಇಷ್ಟನ್ನು ಎರಡನೇ ಬ್ಯಾಂಕ್ ಖಾತೆಗೆ ಕಳಿಸಿ, ಆ್ಯಪ್‌ನಲ್ಲಿ ವರ್ಗಾವಣೆ ಬರೆಯಿರಿ. ಸ್ವಂತ ಮನೆಯವರು ಆಸ್ತಿ ತೆರಿಗೆಯನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದವರಿಗೆ ಸಿಗುವ ಶೇ 5ರ ರಿಯಾಯಿತಿ ತಪ್ಪಿಹೋಗುವುದು ಆ ತಿಂಗಳು ಕೈಯಲ್ಲಿ ಹಣ ಇಲ್ಲದಿದ್ದಾಗಲೇ. ವರ್ಷದ ನಡುವೆ ಶುರು ಮಾಡಿದರೆ ಹನ್ನೆರಡರ ಬದಲು, ಆ ಖರ್ಚಿಗೆ ಇನ್ನೆಷ್ಟು ತಿಂಗಳು ಉಳಿದಿವೆಯೋ ಅದರಿಂದ ಭಾಗಿಸಿ. ಮೊದಲ ವರ್ಷ ಮೊತ್ತ ಹೆಚ್ಚೇ ಬರುತ್ತದೆ.

ಈಗ ಉಳಿದದ್ದು 21,000. ದಿನಸಿ 7,500, ಹಾಲು–ಮೊಸರು 2,000, ತರಕಾರಿ–ಹಣ್ಣು 3,000, ಪೆಟ್ರೋಲ್ 2,500, ಗ್ಯಾಸ್ 700, ಹೊರಗಿನ ಊಟ 2,000, ಔಷಧ 800, ಇತರೆ 2,500. ಗೃಹಲಕ್ಷ್ಮಿಯ 2,000 ರೂಪಾಯಿಯಂತೆ ಇಂಥ ದಿನವೇ ಬರುತ್ತದೆಂಬ ಖಾತ್ರಿ ಇಲ್ಲದ ಹಣವನ್ನು ಬಜೆಟ್‌ನಲ್ಲಿ ಎಣಿಸಬೇಡಿ. ಖಾತೆಗೆ ಬಿದ್ದ ದಿನ ಆದಾಯ ಎಂದು ಬರೆದು, ಆಗ ಹಂಚಿ.

ಆ್ಯಪ್‌ನ ಕೆಂಪು ಪಟ್ಟಿಯನ್ನು ಓದುವುದಕ್ಕೂ ಒಂದು ಕ್ರಮವಿದೆ. ದಿನಸಿಯನ್ನು ತಿಂಗಳ ಮೊದಲ ವಾರದಲ್ಲೇ ತರುವ ಮನೆಯಲ್ಲಿ ಏಳನೇ ದಿನಕ್ಕೆ ಆ ವಿಭಾಗದ ಶೇ 80 ಮುಗಿದಿರುವುದು ಸಹಜ, ಗಾಬರಿ ಬೇಡ. ಪೆಟ್ರೋಲ್, ತರಕಾರಿ, ಹೊರಗಿನ ಊಟ ಮಾತ್ರ ದಿನದ ಲೆಕ್ಕದಲ್ಲಿ ನೋಡಬೇಕಾದವು. ಹದಿನೈದನೇ ದಿನಕ್ಕೆ ಹೊರಗಿನ ಊಟಕ್ಕೆ 1,500 ಹೋಗಿದ್ದರೆ ಉಳಿದ 500ರಲ್ಲಿ ಎರಡು ವಾರ ಕಳೆಯಬೇಕು, ಅಥವಾ ‘ಇತರೆ’ಯಿಂದ ಒಂದಿಷ್ಟು ಇಲ್ಲಿಗೆ ಸರಿಸಬೇಕು. ಸರಿಸುವುದು ತಪ್ಪಲ್ಲ. ಬಜೆಟ್‌ನ ಒಟ್ಟು ಮೊತ್ತವನ್ನೇ ಹಿಗ್ಗಿಸಿದರೆ ಮಾತ್ರ ಅದು ಬಜೆಟ್ ಅಲ್ಲ.

ಭಾನುವಾರದ ತಾಳೆ

ನಮೂದನ್ನು ಕ್ಯೂಆರ್ ಸ್ಕ್ಯಾನ್ ಮಾಡಿದ ಜಾಗದಲ್ಲೇ ಬರೆಯುವುದು ಒಳ್ಳೆಯದು. ಅದಕ್ಕಾಗಿ ಆ್ಯಪ್‌ನ ವಿಜೆಟ್ ಅನ್ನು ಫೋನಿನ ಮುಖಪುಟದಲ್ಲಿ, ಯುಪಿಐ ಆ್ಯಪ್‌ನ ಪಕ್ಕದಲ್ಲೇ ಇಡಿ. ಬಿಟ್ಟುಹೋದದ್ದನ್ನು ರಾತ್ರಿ ಯುಪಿಐ ಹಿಸ್ಟರಿ ನೋಡಿ ತುಂಬಿಸಬಹುದು. ನಗದಿಗೆ ಆ ಸೌಲಭ್ಯವಿಲ್ಲ. ಪರ್ಸ್ ಎಣಿಸಿದಾಗ 40–50 ರೂಪಾಯಿ ಕಡಿಮೆ ಬಂದರೆ ತಲೆ ಕೆರೆದುಕೊಳ್ಳುತ್ತಾ ಕೂರದೆ ‘ಲೆಕ್ಕಕ್ಕೆ ಸಿಗದ್ದು’ ಎಂದು ಬರೆದು ಮುಂದೆ ಹೋಗಿ.

ವಾರಕ್ಕೊಮ್ಮೆ ಪ್ರತಿ ಖಾತೆಯ ಬ್ಯಾಲೆನ್ಸ್ ತೆಗೆದು ಆ್ಯಪ್‌ಗೆ ಹೋಲಿಸಿ. ವ್ಯತ್ಯಾಸ ಬಂದರೆ ಸಾಲು ಸಾಲಾಗಿ ಹುಡುಕುವ ಮೊದಲು ಆ ವ್ಯತ್ಯಾಸದ ಅಂಕಿಯನ್ನೇ ನೋಡಿ. ಮೊದಲು, ಅಷ್ಟೇ ಮೊತ್ತದ ಪಾವತಿ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಇದೆಯೇ? ಇದ್ದರೆ ಅದನ್ನು ಬರೆಯುವುದು ಬಿಟ್ಟುಹೋಗಿದೆ. ಇಲ್ಲವೆಂದರೆ ಅರ್ಧ ಮಾಡಿ. ವ್ಯತ್ಯಾಸ 700, ಆ ವಾರ 350ರ ಒಂದು ನಮೂದಿದೆ ಎಂದಾದರೆ, ಆ ಖರ್ಚನ್ನು ಆದಾಯದ ಟ್ಯಾಬ್‌ನಲ್ಲಿ ಬರೆದಿರುತ್ತೀರಿ. ಅದೂ ಅಲ್ಲವಾದರೆ ಒಂಬತ್ತರಿಂದ ಭಾಗಿಸಿ. ನಿಶ್ಶೇಷವಾಗಿ ಹೋದರೆ ಅಂಕಿ ಅದಲುಬದಲಾಗಿರಬಹುದು ಅಥವಾ ಸೊನ್ನೆ ಬಿಟ್ಟಿರಬಹುದು: 1,820ನ್ನು 1,280 ಎಂದು ಬರೆದರೆ ವ್ಯತ್ಯಾಸ 540, 1,500ನ್ನು 150 ಎಂದು ಬರೆದರೆ 1,350, ಎರಡೂ ಒಂಬತ್ತರ ಮಗ್ಗಿಯಲ್ಲಿವೆ. ಲೆಕ್ಕ ಬರೆಯುವ ಗುಮಾಸ್ತರ ಹಳೆಯ ಉಪಾಯವಿದು, ಆ್ಯಪ್‌ನಲ್ಲೂ ಅಷ್ಟೇ ಚೆನ್ನಾಗಿ ನಡೆಯುತ್ತದೆ. ಕೆಲವು ಪೈಸೆ–ರೂಪಾಯಿಗಳ ವ್ಯತ್ಯಾಸ ತ್ರೈಮಾಸಿಕದ ಕೊನೆಯಲ್ಲಿ ಬಂದರೆ ಉಳಿತಾಯ ಖಾತೆಯ ಬಡ್ಡಿ ಅಥವಾ ಬ್ಯಾಂಕಿನ ಎಸ್‌ಎಂಎಸ್ ಶುಲ್ಕ ಇರಬಹುದು, ಸ್ಟೇಟ್‌ಮೆಂಟ್ ನೋಡಿ. ‘ಬ್ಯಾಲೆನ್ಸ್ ಸರಿಪಡಿಸಿ’ ಎಂಬ ಬಟನ್ ಒತ್ತುವುದು ಎಲ್ಲ ಪ್ರಯತ್ನ ಮುಗಿದ ಮೇಲೆ.

ಗಂಡ–ಹೆಂಡತಿ ಇಬ್ಬರೂ ಖರ್ಚು ಮಾಡುವ ಮನೆಯಲ್ಲಿ ಎರಡು ಫೋನ್‌ಗಳಲ್ಲಿ ಎರಡು ಲೆಕ್ಕ ಬೇಡ. ಗುಡ್‌ಬಜೆಟ್‌ನಂಥ ಆ್ಯಪ್‌ನಲ್ಲಿ ಒಂದೇ ಖಾತೆಯನ್ನು ಇಬ್ಬರ ಫೋನಿನಲ್ಲೂ ತೆರೆಯಬಹುದು. ಬೇರೆ ಆ್ಯಪ್ ಇದ್ದರೆ ಇಬ್ಬರದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ತರಕಾರಿ 180 ನಗದು’ ಎಂದು ಹಾಕಿದರೆ ಒಬ್ಬರು ರಾತ್ರಿ ಸೇರಿಸಿಕೊಳ್ಳಬಹುದು.

ಕೊನೆಯದು ಬ್ಯಾಕಪ್. ಅಮೆರಿಕದಲ್ಲಿ ಬಹಳ ಹೆಸರಾಗಿದ್ದ ಇಂಟ್ಯೂಟ್ ಕಂಪನಿಯ ‘ಮಿಂಟ್’ 2024ರ ಮಾರ್ಚ್‌ನಲ್ಲಿ ಮುಚ್ಚಿತು; ಯಾವ ಆ್ಯಪ್‌ಗೂ ಇದು ಆಗಬಹುದು. ಕೈಯಿಂದ ಬರೆಯುವ ಎಷ್ಟೋ ಆ್ಯಪ್‌ಗಳಲ್ಲಿ ಲೆಕ್ಕ ಇರುವುದು ನಿಮ್ಮ ಫೋನಿನಲ್ಲಿ ಮಾತ್ರ, ಫೋನ್ ಕಳೆದರೆ ಅದೂ ಹೋಯಿತು. ತಿಂಗಳಿಗೊಮ್ಮೆ ಎರಡು ಕಡತ ತೆಗೆದಿಡಿ: ಅದೇ ಆ್ಯಪ್‌ಗೆ ಮರಳಿ ತುಂಬಲು ಬರುವ ಬ್ಯಾಕಪ್ ಕಡತ ಒಂದು, ಯಾವ ಕಂಪ್ಯೂಟರಿನಲ್ಲಾದರೂ ತೆರೆಯುವ ಎಕ್ಸೆಲ್ ಅಥವಾ ಸಿಎಸ್‌ವಿ ಕಡತ ಇನ್ನೊಂದು. ಎರಡನ್ನೂ ಗೂಗಲ್ ಡ್ರೈವ್‌ಗೆ ಹಾಕಿ. ಹೊಸ ಫೋನ್ ಕೊಂಡಾಗ ಹಳೆಯದನ್ನು ರೀಸೆಟ್ ಮಾಡುವ ಮೊದಲು ಹೊಸದರಲ್ಲಿ ಬ್ಯಾಕಪ್ ತುಂಬಿಸಿ, ಖಾತೆಗಳ ಬ್ಯಾಲೆನ್ಸ್ ಎರಡೂ ಫೋನಿನಲ್ಲಿ ಒಂದೇ ಇದೆಯೇ ನೋಡಿಕೊಳ್ಳಿ.