ಅಲಾಸ್ಕಾ ಕ್ರೂಸಿನಲ್ಲಿ ಬಾಲ್ಕನಿ ರೂಮು: ಆರಿಸುವುದು ಹೇಗೆ, ಬಳಸುವುದು ಹೇಗೆ

ಬಿಸಿಲ ನಾಡಿನ ಕ್ರೂಸಿನಲ್ಲಿ ಬಾಲ್ಕನಿ ಇಲ್ಲದಿದ್ದರೂ ನಡೆದೀತು. ಜನ ಹಗಲೆಲ್ಲ ಈಜುಕೊಳದ ಹತ್ತಿರವೇ ಇರುತ್ತಾರೆ. ಅಲಾಸ್ಕಾದ ಮಾತೇ ಬೇರೆ. ಇಲ್ಲಿ ಹಡಗು ಎಷ್ಟೋ ಹೊತ್ತು ಕಾಡುಗುಡ್ಡಗಳ ನಡುವೆ, ದಡ ಕಾಣುವಷ್ಟು ಹತ್ತಿರದಲ್ಲಿ ಸಾಗುತ್ತದೆ. ಜೂನ್ ನಡುವಿನಲ್ಲಿ ಜೂನೋ ಊರಲ್ಲಿ ಸೂರ್ಯ ಬೆಳಗಿನ 4ರ ಸುಮಾರಿಗೆ ಹುಟ್ಟಿ ರಾತ್ರಿ 10ರ ಸುಮಾರಿಗೆ ಮುಳುಗುತ್ತಾನೆ. ಅಷ್ಟು ಉದ್ದದ ಹಗಲಿನಲ್ಲಿ ತಿಮಿಂಗಿಲ ಯಾವ ಗಳಿಗೆಯಲ್ಲಾದರೂ ಕಾಣಬಹುದು. ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಸಿಯಾಟಲ್, ಬೇ ಏರಿಯಾ ಕಡೆಯ ಕನ್ನಡಿಗರಿಗಂತೂ ಇದು ಮುಖ್ಯ: ಹಿರಿಯರು ಲಿಫ್ಟಿಗೆ ಕಾದು ಮೇಲಿನ ಡೆಕ್ಕಿಗೆ ಹೋಗಬೇಕಿಲ್ಲ, ಹಾಸಿಗೆಯಿಂದ ನಾಲ್ಕು ಹೆಜ್ಜೆ ಸಾಕು. ಬಾಲ್ಕನಿಗೆಂದು ಹೆಚ್ಚು ದುಡ್ಡು ಕೊಡುವುದಾದರೆ ಇಲ್ಲೇ ಕೊಡಿ. ಆದರೆ ಬಾಲ್ಕನಿ ಎಂದು ಬರೆದದ್ದೆಲ್ಲ ಒಂದೇ ಬಗೆಯದಲ್ಲ.

ಬುಕ್ ಮಾಡುವ ಮೊದಲು ಹಡಗಿನ ಡೆಕ್ ಪ್ಲಾನ್ ತೆರೆದು ಮೂರು ಡೆಕ್ ನೋಡಿ: ನಿಮ್ಮದು, ಅದರ ಮೇಲಿನದು, ಕೆಳಗಿನದು. ಮೇಲೆ ಈಜುಕೊಳವೋ ಬಫೆಯೋ ಇದ್ದರೆ ನಸುಕಿನಲ್ಲೇ ಕುರ್ಚಿ ಎಳೆಯುವ ಸದ್ದು ಕೇಳುತ್ತದೆ. ಕೆಳಗೆ ನಾಟಕಶಾಲೆ ಇದ್ದರೆ ರಾತ್ರಿ ಸಂಗೀತ. ಮೇಲೂ ಕೆಳಗೂ ಬರೀ ರೂಮುಗಳೇ ಇರುವ ಜಾಗ ಆರಿಸಿ. ಕೆಳಗಿನ ಡೆಕ್ಕುಗಳಲ್ಲಿ ಲೈಫ್‌ಬೋಟುಗಳು ನೋಟಕ್ಕೆ ಅಡ್ಡ ಬರುತ್ತವೆ. ಅಂಥ ರೂಮು ಅಗ್ಗಕ್ಕೆ ಸಿಗುವುದು ಅದಕ್ಕೇ. ಕಂಪನಿಯೇ ರೂಮು ನಂಬರ್ ಕೊಡುವ ‘ಗ್ಯಾರಂಟಿ’ ದರದಲ್ಲಿ ಬುಕ್ ಮಾಡಿದರೆ ಈ ಆಯ್ಕೆಯೆಲ್ಲ ಕೈ ತಪ್ಪುತ್ತದೆ. ಅಲಾಸ್ಕಾಕ್ಕೆ ಅದು ಬೇಡ.

ತಲೆ ತಿರುಗುವವರಿದ್ದರೆ ಹಡಗಿನ ನಡುಭಾಗದಲ್ಲಿ, ಆದಷ್ಟು ಕೆಳಗಿನ ಡೆಕ್ಕಿನಲ್ಲಿ ರೂಮು ತೆಗೆದುಕೊಳ್ಳಿ. ತೊಟ್ಟಿಲಿನ ನಡುವೆ ತೂಗು ಕಡಿಮೆ, ತುದಿಯಲ್ಲಿ ಹೆಚ್ಚು, ಹಡಗೂ ಹಾಗೆಯೇ. ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಹೊರಗೆ, ತೆರೆದ ಸಮುದ್ರದಲ್ಲಿ ಹೋಗುತ್ತವೆ. ಅಲ್ಲಿ ಹಡಗು ತೂಗುತ್ತದೆ. ವ್ಯಾಂಕೂವರ್‌ನಿಂದ ಹೊರಡುವವು ಒಳದಾರಿ ಹಿಡಿಯುತ್ತವೆ. ನೀರೂ ಶಾಂತ, ಬಾಲ್ಕನಿಯಿಂದ ಮೊದಲ ದಿನವೇ ದಡ ಕಾಣುತ್ತದೆ. ಹಡಗಿನ ಹಿಂಭಾಗದ ಬಾಲ್ಕನಿಗಳಿಗೆ ಎದುರುಗಾಳಿ ತಾಗುವುದಿಲ್ಲ, ಹಿಂದೆ ಬಿಡಿಸಿಕೊಳ್ಳುವ ಬಿಳಿ ನೊರೆಯ ಹಾದಿ ನೋಡುತ್ತ ಕೂರಬಹುದು; ಆದರೆ ಅಲ್ಲಿ ಎಂಜಿನ್ನಿನ ನಡುಕ ಜಾಸ್ತಿ, ಒಮ್ಮೊಮ್ಮೆ ಹೊಗೆಗೊಳವೆಯ ಮಸಿಯೂ ಬೀಳುತ್ತದೆ. ಸೆಲೆಬ್ರಿಟಿ ಎಡ್ಜ್‌ನಂಥ ಹಡಗಿನ ಎಷ್ಟೋ ರೂಮುಗಳಲ್ಲಿ ಹೊರಗೆ ಚಾಚಿದ ಬಾಲ್ಕನಿ ಇರುವುದಿಲ್ಲ. ಗುಂಡಿ ಒತ್ತಿದರೆ ದೊಡ್ಡ ಗಾಜಿನ ಮೇಲರ್ಧ ಕೆಳಗಿಳಿಯುತ್ತದೆ, ಅಷ್ಟೇ. ಚಳಿಗೆ ಅನುಕೂಲವೇ, ಆದರೆ ಹೊರಗೆ ಕೂತ ಸುಖ ಬೇಕೆನ್ನುವವರು ಇದನ್ನು ಮೊದಲೇ ತಿಳಿದಿರಬೇಕು.

ಎಡಬದಿಯೋ ಬಲಬದಿಯೋ? ಹೊರಟ ಬಂದರಿಗೇ ಮರಳುವ ಪ್ರಯಾಣದಲ್ಲಿ ಈ ಚಿಂತೆ ಬೇಡ, ಎರಡೂ ಬದಿಗೆ ಸಮಪಾಲು. ವ್ಯಾಂಕೂವರ್‌ನಿಂದ ಅಲಾಸ್ಕಾದ ಸೂವರ್ಡ್ ಅಥವಾ ವಿಟಿಯರ್ ಬಂದರಿನವರೆಗೆ ಒಂದೇ ದಿಕ್ಕಿನ ಪ್ರಯಾಣವಾದರೆ ಉತ್ತರಕ್ಕೆ ಹೋಗುವಾಗ ಬಲಬದಿ, ದಕ್ಷಿಣಕ್ಕೆ ಬರುವಾಗ ಎಡಬದಿ ತೆಗೆದುಕೊಳ್ಳಿ. ದೊಡ್ಡ ನೆಲ ಇರುವುದು ಆ ಕಡೆ.

ಎರಡು ರೂಮು ಬೇಕಾದ ಕುಟುಂಬದವರು ಅಕ್ಕಪಕ್ಕದ ಬಾಲ್ಕನಿಗಳನ್ನೇ ಕೇಳಿ ತೆಗೆದುಕೊಳ್ಳಿ. ನಡುವಿನ ಅಡ್ಡಹಲಗೆಗೆ ಎಷ್ಟೋ ಹಡಗುಗಳಲ್ಲಿ ಬೀಗವಿರುತ್ತದೆ. ಮೊದಲ ದಿನ ರೂಮು ನೋಡಿಕೊಳ್ಳುವ ಸ್ಟೀವರ್ಡ್‌ಗೆ ಹೇಳಿದರೆ ತೆರೆದುಕೊಡುತ್ತಾರೆ. ಆಗ ಅಜ್ಜ ಅಜ್ಜಿಯ ರೂಮಿಗೆ ಮೊಮ್ಮಕ್ಕಳು ಕಾರಿಡಾರಿಗೆ ಹೋಗದೆಯೇ ಓಡಾಡಬಹುದು. ಬೀಗವಿಲ್ಲದ ಖಾಯಂ ಹಲಗೆಯೂ ಉಂಟು, ಆದ್ದರಿಂದ ಬುಕ್ ಮಾಡುವಾಗಲೇ ವಿಚಾರಿಸಿ. ಒಂದು ಮಾತು ಮರೆಯಬೇಡಿ: ಅಮೆರಿಕದ 2010ರ ಕಾನೂನಿನ ಪ್ರಕಾರ ಅಲ್ಲಿನ ಬಂದರುಗಳಿಗೆ ಬರುವ ಹಡಗುಗಳಲ್ಲಿ ರೇಲಿಂಗ್ ಕನಿಷ್ಠ 42 ಇಂಚು ಎತ್ತರ ಇರಬೇಕು. ಮಗು ಕುರ್ಚಿ ಹತ್ತಿದ ಕ್ಷಣ ಆ 42 ಇಂಚಿಗೆ ಅರ್ಥವಿಲ್ಲ. ಕುರ್ಚಿ, ಮೇಜನ್ನು ರೇಲಿಂಗಿನಿಂದ ದೂರ, ರೂಮಿನ ಗೋಡೆಗೆ ಒತ್ತಿ ಇಡಿ. ಒಳಗೆ ಬಂದಾಗಲೆಲ್ಲ ಬಾಗಿಲಿಗೆ ಚಿಲಕ ಹಾಕಿ.

ಆ ಬಾಗಿಲಿನ ಬಗ್ಗೆ ಇನ್ನಷ್ಟು ಹೇಳಬೇಕು, ಪೆಟ್ಟಾಗುವುದು ಅಲ್ಲೇ. ಹಡಗು ಓಡುವಾಗ ಹೊರಗಿನ ಗಾಳಿಯ ಒತ್ತಡ ಬೇರೆ, ಒಳಗಿನದು ಬೇರೆ. ಬಾಲ್ಕನಿ ಬಾಗಿಲು ತೆರೆದಿರುವಾಗಲೇ ಯಾರಾದರೂ ಕಾರಿಡಾರ್ ಬಾಗಿಲು ತೆಗೆದರೆ ರೂಮು ಕೊಳವೆಯಂತಾಗಿ ಗಾಳಿ ನುಗ್ಗುತ್ತದೆ. ಮೇಜಿನ ಮೇಲಿನ ಕಾಗದ ಹಾರುತ್ತದೆ, ಭಾರದ ಬಾಗಿಲು ಧಡಾರನೆ ಬಡಿದುಕೊಳ್ಳುತ್ತದೆ. ಬೆರಳು ಸಿಕ್ಕಿದರೆ ಮುರಿಯುವಷ್ಟು ಜೋರು. ಒಂದು ಬಾಗಿಲು ಮುಚ್ಚಿದ ಮೇಲೆಯೇ ಇನ್ನೊಂದು, ಇದನ್ನು ಮನೆಮಂದಿಗೆಲ್ಲ ಮೊದಲ ದಿನವೇ ಹೇಳಿಡಿ. ಬಾಗಿಲ ಚೌಕಟ್ಟು ಹಿಡಿದು ನಿಲ್ಲುವ ಅಭ್ಯಾಸ ಬಿಡಿ, ಹಿಡಿಕೆಯನ್ನೇ ಹಿಡಿಯಿರಿ. ರಾತ್ರಿ ಬಾಗಿಲ ಸಂದಿಯಿಂದ ಸಿಳ್ಳೆ ಹಾಕಿದಂಥ ಸದ್ದು ಬಂದರೆ ಹಿಡಿಕೆ ಪೂರ್ತಿ ತಿರುಗಿಲ್ಲವೆಂದು ಅರ್ಥ; ಬಾಗಿಲನ್ನು ಒತ್ತಿ ಹಿಡಿದು ಕೊನೆಯವರೆಗೂ ತಿರುಗಿಸಿ. ಬಾಗಿಲು ತೆರೆದರೆ ಏಸಿ, ಹೀಟರ್ ತಾನಾಗಿ ನಿಲ್ಲುವ ವ್ಯವಸ್ಥೆ ಹಲವು ಹಡಗುಗಳಲ್ಲಿದೆ, ಅದು ಕೆಟ್ಟಿದೆಯೆಂದು ದೂರು ಕೊಡಬೇಕಿಲ್ಲ.

ಬಾಲ್ಕನಿಯಲ್ಲಿ ಒದ್ದೆ ಬಟ್ಟೆ ಒಣಹಾಕಬೇಡಿ. ಗಾಳಿಗೆ ಹಾರಿ ಸಮುದ್ರ ಸೇರುತ್ತದೆ, ಮೇಲಿಂದ ಯಾರಾದರೂ ಎಸೆದ ಸಿಗರೇಟಿನ ಕಿಡಿ ಬಿದ್ದರೆ ಬೆಂಕಿಯೂ ಹತ್ತೀತು. ಬಚ್ಚಲಿನಲ್ಲಿ ಎಳೆದು ಕಟ್ಟುವ ಹಗ್ಗ ಸಾಮಾನ್ಯವಾಗಿ ಇರುತ್ತದೆ, ಅದನ್ನೇ ಬಳಸಿ. ರೂಮಿನ ಗೋಡೆ ಹೆಚ್ಚಾಗಿ ಉಕ್ಕಿನ ತಗಡಿನದು. ನಾಲ್ಕೈದು ಮ್ಯಾಗ್ನೆಟ್ ಕೊಕ್ಕೆ ಒಯ್ದರೆ ಸ್ವೆಟರ್, ಬೈನಾಕ್ಯುಲರ್, ಮಂಕಿ ಕ್ಯಾಪುಗಳನ್ನು ಬಾಗಿಲ ಪಕ್ಕವೇ ತೂಗುಹಾಕಬಹುದು. ತಿಮಿಂಗಿಲ ಕಂಡಾಗ ಪೆಟ್ಟಿಗೆ ಹುಡುಕಲು ಸಮಯವಿರುವುದಿಲ್ಲ.

ಕೆಟಲ್, ಇಂಡಕ್ಷನ್ ಒಲೆ, ಇಸ್ತ್ರಿಪೆಟ್ಟಿಗೆ ಇವನ್ನೆಲ್ಲ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಮನೆಯ ಪುಟ್ಟ ಸ್ಟೀಲ್ ಫಿಲ್ಟರಿಗೆ ಕರೆಂಟು ಬೇಡ. ರಾತ್ರಿ ಬಫೆಯಿಂದ ಫ್ಲಾಸ್ಕಿನಲ್ಲಿ ಬಿಸಿನೀರು ತನ್ನಿ. ಅದು ಕುದಿನೀರಲ್ಲ, ಆದ್ದರಿಂದ ಮೊದಲು ಫಿಲ್ಟರನ್ನು ಸ್ವಲ್ಪ ಬಿಸಿನೀರಲ್ಲಿ ತೊಳೆದು ಕಾಯಿಸಿಕೊಳ್ಳಿ. 3 ದೊಡ್ಡ ಚಮಚ ಪುಡಿ ಹಾಕಿ, ಸುಮಾರು 120 ಮಿಲಿ ನೀರು ಹೊಯ್ದು ಮುಚ್ಚಿಡಿ. ಬೆಳಿಗ್ಗೆ ಡಿಕಾಕ್ಷನ್ ಇಳಿದಿರುತ್ತದೆ, ಬಿಸಿ ಹಾಲೊಂದು ತಂದರಾಯಿತು. ತಿಂಡಿಯನ್ನು ಮಾತ್ರ ಹೊರಗೆ ಬಿಟ್ಟುಬರಬೇಡಿ, ಕಡಲಹಕ್ಕಿಗಳು ಕಾದಿರುತ್ತವೆ.

ತಿಮಿಂಗಿಲ ಹುಡುಕುವಾಗ ಮೊದಲು ಬೈನಾಕ್ಯುಲರ್ ಬೇಡ, ಬರಿಗಣ್ಣು ಸಾಕು. ನೀರಿನ ಮೇಲೆ ಆವಿಯ ಬುಗ್ಗೆಯಂಥದು ಚಿಮ್ಮಿ ಕರಗುತ್ತದೆ, ಅದು ಅದರ ಉಸಿರು. ಜಾಗ ಗೊತ್ತಾದ ಮೇಲೆ ಬೈನಾಕ್ಯುಲರ್ ಎತ್ತಿ. ಹಂಪ್‌ಬ್ಯಾಕ್ ಜಾತಿಯ ತಿಮಿಂಗಿಲ ಕೆಲವು ಸಲ ಉಸಿರಾಡಿ, ಬೆನ್ನು ಬಾಗಿಸಿ ಬಾಲ ಮೇಲೆತ್ತಿತೆಂದರೆ ಆಳಕ್ಕೆ ಹೋಯಿತು. ಮತ್ತೆ ಬರಲು ಐದು ಹತ್ತು ನಿಮಿಷ. ಬೈನಾಕ್ಯುಲರ್ 7 ಅಥವಾ 8 ಪಟ್ಟಿನದೇ ಸರಿ. 10 ಪಟ್ಟಿನದರಲ್ಲಿ ಹಡಗಿನ ನಡುಕವೂ ದೊಡ್ಡದಾಗಿ ಕಾಣುತ್ತದೆ. ಇದೇ ಕಾರಣಕ್ಕೆ ಮೊಣಕೈಯನ್ನು ರೇಲಿಂಗಿಗೆ ಊರದೆ ಎದೆಗೆ ಒತ್ತಿ ಹಿಡಿಯಿರಿ. ಚಳಿಯಲ್ಲಿದ್ದ ಕ್ಯಾಮೆರಾವನ್ನು ಬೆಚ್ಚಗಿನ ರೂಮಿಗೆ ತಂದರೆ ಲೆನ್ಸಿನ ಮೇಲೆ ಆವಿ ಕೂರುತ್ತದೆ. ಹೊರಗಿರುವಾಗಲೇ ಬ್ಯಾಗಿಗೆ ಹಾಕಿ ಜಿಪ್ ಎಳೆದು ಆಮೇಲೆ ಒಳಗೆ ತನ್ನಿ.

ಗ್ಲೇಷಿಯರ್ ಬೇ ದಿನಕ್ಕೆ ಬೇರೆಯದೇ ಲೆಕ್ಕ. ಆ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಪ್ರವೇಶ. ಬೆಳಿಗ್ಗೆ ಉದ್ಯಾನದ ರೇಂಜರುಗಳು ಹಡಗು ಹತ್ತಿ, ಧ್ವನಿವರ್ಧಕದಲ್ಲಿ ವಿವರಣೆ ಕೊಡುತ್ತಾರೆ. ಹೆಚ್ಚಿನ ಹಡಗುಗಳಲ್ಲಿ ಅದು ರೂಮಿನ ಟಿವಿಯಲ್ಲೂ ಬರುತ್ತದೆ. ಸದ್ದು ಜಾಸ್ತಿ ಮಾಡಿ ಬಾಲ್ಕನಿಯಲ್ಲಿ ಕೂತು ಕೇಳಿ. ಹಿಮನದಿಯತ್ತ ಹಡಗು ನೇರ ಮುಖ ಮಾಡಿ ಸಾಗುವಾಗ ಬಾಲ್ಕನಿಯಿಂದ ಎದುರಿನದು ಕಾಣದು, ಆಗ ಮುಂಭಾಗದ ಡೆಕ್ಕಿಗೆ ಹೋಗಿ. ಮಾರ್ಜರಿ ಹಿಮನದಿಯ ಎದುರು ಹಡಗು ನಿಂತು ನಿಧಾನವಾಗಿ ತಿರುಗಿ ಎರಡೂ ಬದಿಗೆ ತೋರಿಸುತ್ತದೆ. ಆ ಹೊತ್ತಿಗೆ ರೂಮಿಗೆ ಮರಳಿರಿ, ನೂಕುನುಗ್ಗಲಿಲ್ಲದ ನೋಟ ನಿಮ್ಮದೇ. ಮಂಜುಗಡ್ಡೆ ಕಳಚಿ ಬೀಳುವ ಸದ್ದಿಗೆ ಅಲ್ಲಿನ ಟ್ಲಿಂಗಿಟ್ ಜನ ‘ಬಿಳಿ ಗುಡುಗು’ ಎನ್ನುತ್ತಾರೆ. ಅರ್ಧ ಕಿಲೋಮೀಟರ್ ದೂರದಿಂದ ಸದ್ದು ಬರಲು ಒಂದೂವರೆ ಸೆಕೆಂಡು ಬೇಕು, ಸದ್ದು ಕೇಳಿ ತಿರುಗುವಷ್ಟರಲ್ಲಿ ಬಿದ್ದಾಗಿರುತ್ತದೆ. ಚೂರು ಚೂರಾಗಿ ಪುಡಿ ಉದುರುತ್ತಿರುವ ಜಾಗ ಎಲ್ಲಿದೆ ನೋಡಿ, ಕಣ್ಣನ್ನು ಅಲ್ಲೇ ನೆಟ್ಟಿರಿ. ದೊಡ್ಡ ತುಂಡು ಬೀಳುವುದಾದರೆ ಅಲ್ಲಿಂದಲೇ ಬೀಳುವ ಸಂಭವ ಹೆಚ್ಚು.

ಪ್ರಯಾಣ ವ್ಯಾಂಕೂವರ್‌ನಲ್ಲಿ ಮುಗಿಯುವುದಾದರೆ ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಕಾರಿಡಾರಿಗೆ ಇಡುವ ಮುಂಚೆ ಪ್ರತಿಯೊಬ್ಬರದೂ ಒಂದು ಸ್ವೆಟರ್, ಒಂದು ಟೋಪಿ ಹೊರಗೆ ತೆಗೆದಿಡಿ. ಇಲ್ಲದಿದ್ದರೆ ನಸುಕಿನಲ್ಲಿ ಹಡಗು ಲಯನ್ಸ್ ಗೇಟ್ ಸೇತುವೆಯ ಅಡಿಯಲ್ಲಿ ಹಾಯುವುದನ್ನು ಗಾಜಿನ ಹಿಂದಿನಿಂದ ನೋಡಬೇಕಾಗುತ್ತದೆ.